ಶಿರಸಿ ಸುತ್ತಮುತ್ತ ತಿಂಗಳಿಗೊಂದು ದಿನದ ನಡಿಗೆ, ನಿಂತು ಹೋಗದ ಹಾಗೆ ಪ್ಲಾನ್ ಮಾಡೋದು ಹೇಗೆ?

ಮಾರಿಗುಡಿ ಬೀದಿ:

ಎಲ್ರಿಗೂ ನಮಸ್ಕಾರ. ಶಿರಸೀಲಿ ನಾವೊಂದು ಹತ್ತು ಹನ್ನೆರಡು ಜನ ಇದ್ದೇವೆ, ಬೆಳಗಿನ ವಾಕಿಂಗಲ್ಲಿ ಸಿಕ್ಕಿ ಸಿಕ್ಕಿ ಪರಿಚಯ ಆದವರು. ರಿಟೈರ್ಡ್ ಮಾಸ್ತರು ಇದ್ದಾರೆ, ಬ್ಯಾಂಕಿನವರು ಇದ್ದಾರೆ, ಅಂಗಡಿ ಇಟ್ಟವರು ಇದ್ದಾರೆ, ನಾವು ಹೆಂಗಸರು ನಾಲ್ಕೈದು ಜನ. ವಯಸ್ಸು ಮೂವತ್ತರಿಂದ ಹಿಡಿದು ಎಪ್ಪತ್ತರ ಹತ್ರದ ತನಕ. ತಿಂಗಳಿಗೊಂದು ದಿನ ಪೇಟೆ ಬಿಟ್ಟು ಹಳ್ಳಿ ದಾರಿ, ಗದ್ದೆ ಬದಿ, ಬೆಟ್ಟದ ಕಾಲುದಾರಿ ಹಿಡಿದು ನಡೆಯೋಣ, ಮಧ್ಯಾಹ್ನ ಎಲ್ಲಾದ್ರೂ ಕೂತು ಬುತ್ತಿ ಬಿಚ್ಚಿ ತಿಂದು ಸಂಜೆಯೊಳಗೆ ಮನೆ ಸೇರೋಣ ಅಂತ ಆಸೆ. ಕಾರಲ್ಲಿ ಹೋಗಿ ಫಾಲ್ಸ್ ನೋಡಿ ಫೋಟೋ ತೆಗೆದು ಬರೋದು ನಮಗೆ ಬೇಡ, ನಡೀಬೇಕು.

ಮೊದಲೆರಡು ಸಲ ಎಲ್ರೂ ಬರ್ತಾರೆ, ಆಮೇಲೆ ಈ ಭಾನುವಾರ ಮದುವೆ, ಮುಂದಿನ ಭಾನುವಾರ ಉಪನಯನ ಅಂತ ಹೇಳ್ತಾ ಹೇಳ್ತಾ ನಿಂತೇ ಹೋಗ್ತದೆ, ಹಾಗಾಗಬಾರದು. ಎಷ್ಟು ಕಿಲೋಮೀಟರ್ ಇಟ್ಕೋಬೇಕು, ಯಾವ ತಿಂಗಳು ಯಾವ ಕಡೆ ಒಳ್ಳೇದು, ಫಾರೆಸ್ಟಿನವರ ಪರ್ಮಿಷನ್ ಎಲ್ಲೆಲ್ಲಿ ಬೇಕು, ಇದೆಲ್ಲ ಮಾಡಿ ಗೊತ್ತಿದ್ದವರು ಹೇಳಿ. ಇನ್ನೊಂದು, ನಮ್ಮಲ್ಲಿ ಒಬ್ರು ಅಕ್ಕನಿಗೆ ಮೊಣಕಾಲು ನೋವು, ನಿಧಾನ ನಡೀತಾರೆ, ಆದ್ರೆ ಬರಲೇಬೇಕು ಅಂತಾರೆ, ಅವರನ್ನ ಬಿಟ್ಟು ಹೋಗೋಕೆ ನಮಗ್ಯಾರಿಗೂ ಮನಸ್ಸಿಲ್ಲ.

ದೇವಿಮನೆ ಘಟ್ಟ:

ಅಕ್ಕಾ, ನಾವು ಕೆಲವು ವರ್ಷದಿಂದ ಇಂಥದ್ದೇ ಒಂದು ಗುಂಪು ನಡೆಸ್ತಾ ಇದ್ದೇವೆ, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ.

ಮೊದಲು ದಿನ. "ಈ ತಿಂಗಳು ಯಾವಾಗ ಹೋಗೋಣ" ಅಂತ ಗ್ರೂಪಲ್ಲಿ ಕೇಳ್ಲೇಬೇಡಿ. ಎರಡನೇ ಭಾನುವಾರ ಅಂದ್ರೆ ಎರಡನೇ ಭಾನುವಾರ, ಮೂರೇ ಜನ ಬಂದ್ರೂ ಆ ಮೂರು ಜನ ಹೋಗೋದು. ಇದೊಂದು ಗಟ್ಟಿ ಇದ್ರೆ ಉಳಿದದ್ದೆಲ್ಲ ತಾನಾಗೇ ಕೂಡಿ ಬರ್ತದೆ, ಯಾಕಂದ್ರೆ ಮದುವೆ ಮನೆಗೆ ಹೋದವರಿಗೂ ಮುಂದಿನ ನಡಿಗೆ ಯಾವತ್ತು ಅಂತ ಯಾರೂ ಹೇಳೋದೇ ಬೇಡ. ಇಡೀ ವರ್ಷದ ಪಟ್ಟಿ ಒಂದೇ ಸಲ ಕೂತು ಮಾಡಿ, ಪ್ರತಿ ತಿಂಗಳಿಗೆ ಒಬ್ಬರ ಹೆಸರು ಬರೀರಿ. ಆ ತಿಂಗಳ ದಾರಿ ಅವರ ಜವಾಬ್ದಾರಿ, ಒಂದೆರಡು ವಾರ ಮುಂಚೆ ಅವರು ಇನ್ನೊಬ್ರನ್ನ ಕರ್ಕೊಂಡು ಪೂರ್ತಿ ನಡೆದು ನೋಡಿ ಬರಬೇಕು. ಹೋದ ವರ್ಷ ನೋಡಿದ್ದೇನೆ ಅಂದ್ರೆ ಆಗೋದಿಲ್ಲ. ಮಳೆಗೆ ಹಳ್ಳ ದಾಟೋ ಸಂಕ (ಕಾಲುಸೇತುವೆ) ತೇಲಿ ಹೋಗಿರ್ತದೆ, ಯಾರೋ ಹೊಸ ಬೇಲಿ ಹಾಕಿರ್ತಾರೆ, ಮೊಬೈಲ್ ಮ್ಯಾಪಲ್ಲಿ ಚೆಂದ ಕಾಣೋ ಕಾಲುದಾರಿ ಅಲ್ಲಿ ಹೋಗಿ ನೋಡಿದ್ರೆ ಲಂಟಾನ ಮುಚ್ಚಿಕೊಂಡಿರ್ತದೆ.

ದೂರದ ಬಗ್ಗೆ. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋರು ಒಂದು ಲೆಕ್ಕ ಕೊಟ್ಟಿದ್ದಾರೆ, ಗಂಟೆಗೆ ಸುಮಾರು 5 ಕಿ.ಮೀ. ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಜಾಸ್ತಿ. ಅದು ತಣ್ಣನೆ ದೇಶದ ಗಟ್ಟಿ ಕಾಲಿನವರ ಲೆಕ್ಕ. ನಮ್ಮ ಸೆಖೆಗೆ, ನಿಮ್ಮಂಥ ಮಿಶ್ರ ಗುಂಪಿಗೆ ಗಂಟೆಗೆ 3 ಕಿ.ಮೀ. ಅಂತ ಹಿಡೀರಿ. 10 ಕಿ.ಮೀ. ದಾರಿ ಅಂದ್ರೆ ಬರೀ ನಡಿಗೆಗೆ ಮೂರೂವರೆ ಗಂಟೆ ಬೇಕು, ಊಟ, ನೀರು, ಯಾರದ್ದೋ ಜಗಲಿ ಮೇಲೆ ಕೂತು ಮಾತಾಡೋದು ಎಲ್ಲ ಸೇರಿದ್ರೆ ಆರು ಗಂಟೆ ಆಗ್ತದೆ. ಮೊದಲ ಎರಡು ಮೂರು ತಿಂಗಳು 8 ಕಿ.ಮೀ. ದಾಟಬೇಡಿ.

ಮೊಣಕಾಲಿನ ಅಕ್ಕನ್ನ ಮುಂದೆ ನಡೆಸಿ, ಹಿಂದೆ ಅಲ್ಲ. ಅವರು ಮುಂದಿದ್ರೆ ಗುಂಪಿನ ವೇಗ ಅವರದ್ದಾಗ್ತದೆ. ಹಿಂದಿದ್ರೆ ಏನಾಗ್ತದೆ ಅಂದ್ರೆ ಮುಂದೆ ಹೋದವರು ನಿಂತು ಸುಧಾರಿಸ್ಕೊಂಡು, ಅವರು ಬಂದು ಮುಟ್ಟಿದ ಕೂಡ್ಲೇ ಎದ್ದು ಹೊರಡ್ತಾರೆ, ಯಾರಿಗೆ ಜಾಸ್ತಿ ವಿಶ್ರಾಂತಿ ಬೇಕೋ ಅವರಿಗೇ ಸಿಗೋದಿಲ್ಲ. ಕೊನೇಲಿ ದಾರಿ ಗೊತ್ತಿದ್ದ ಒಬ್ರು ಇರ್ಲಿ, ದಾರಿ ಕವಲೊಡೆದ ಕಡೆಯೆಲ್ಲ ಆ ಕೊನೆಯವರು ಕಾಣೋ ತನಕ ಎಲ್ರೂ ನಿಲ್ಲೋದು. ಇಳಿಜಾರು ಕಮ್ಮಿ ಇರೋ ದಾರಿ ಆರಿಸಿ, ಮೊಣಕಾಲಿಗೆ ಏರಿಗಿಂತ ಇಳಿಯೋದೇ ಕಷ್ಟ. ಒಂದು ಕೋಲು ಇದ್ರೆ ಬಹಳ ಆಧಾರ.

ಎಲ್ಲಿ ಅಂದ್ರೆ, ಶುರುವಿಗೆ ಬನವಾಸಿ ಕಡೆ. ಶಿರಸಿಯಿಂದ 23 ಕಿ.ಮೀ., ಪೂರಾ ಬಯಲು. ಮಧುಕೇಶ್ವರ ದೇವಸ್ಥಾನ ನೋಡ್ಕೊಂಡು ವರದಾ ಹೊಳೆ ಬದಿ, ಗದ್ದೆ, ಅನಾನಸ್ ತೋಟದ ನಡುವೆ ಗುಡ್ನಾಪುರದ ಕೆರೆ ತನಕ ಹೋಗಬಹುದು. ಕದಂಬರ ರವಿವರ್ಮನ ಶಾಸನ ಸಿಕ್ಕಿದ್ದು ಆ ಗುಡ್ನಾಪುರದಲ್ಲೇ, ನಿಮ್ಮ ಮಾಸ್ತರ ಹತ್ರ ಮೊದಲೇ ಓದ್ಕೊಂಡು ಬರೋಕೆ ಹೇಳಿ, ಕೆರೆ ಏರಿ ಮೇಲೆ ಕೂತು ಕೇಳೋಕೆ ಅದೇ ಒಳ್ಳೆ ಜಾಗ. ಡಿಸೆಂಬರ್ ಜನವರಿಗೆ ಸೋಂದಾ, ಸಹಸ್ರಲಿಂಗ. ಶಾಲ್ಮಲೆ ನೀರು ಇಳಿದ ಮೇಲೇ ಬಂಡೆ ಮೇಲಿನ ಲಿಂಗಗಳು ಸರಿಯಾಗಿ ಕಾಣೋದು, ಮಳೆಗಾಲದಲ್ಲಿ ಹೋದ್ರೆ ಎಲ್ಲ ನೀರೊಳಗೆ. ಸೋಂದಾದಲ್ಲೇ ವಾದಿರಾಜ ಮಠ, ಸ್ವಾದಿ ಜೈನ ಮಠ, ಮುಂಡಿಗೆಕೆರೆ ಎಲ್ಲ ಇದೆ, ಒಂದು ದಿನಕ್ಕೆ ಧಾರಾಳ ಆಯ್ತು. ಮುಂಡಿಗೆಕೆರೆಗೆ ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ, ಬೆಳ್ಳಕ್ಕಿಗಳು ಆ ಮುಂಡಿಗೆ ಗಿಡದ ಮೇಲೆಲ್ಲ ಗೂಡು ಕಟ್ಟಿರ್ತಾವೆ, ದೂರದಲ್ಲೇ ನಿಂತು ನೋಡಿ. ಯಾಣ ರಜಾ ದಿನ ಬೇಡ, ಶಿವರಾತ್ರಿ ಹತ್ರ ಅಂತೂ ಬೇಡವೇ ಬೇಡ, ಜಾತ್ರೆ ಜನ. ಏಪ್ರಿಲ್ ಮೇ ತಿಂಗಳು ಬೆಳಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ಮುಗಿಸೋ ಹಾಗೆ ಅರ್ಧ ದಿನದ್ದು ಇಡಿ, ಆದ್ರೆ ಬಿಡಬೇಡಿ.

ಪರ್ಮಿಷನ್ ವಿಷ್ಯ: ಹಳ್ಳಿ ರಸ್ತೆ, ದೇವಸ್ಥಾನದ ದಾರಿಗೆ ಏನೂ ಬೇಡ. ಕಾಳಿ ಹುಲಿ ಮೀಸಲು ಪ್ರದೇಶದೊಳಗೆ ನಿಮ್ಮಷ್ಟಕ್ಕೆ ನಡ್ಕೊಂಡು ಹೋಗೋ ಹಾಗಿಲ್ಲ. ಉಳಿದ ಕಾಡಿನ ದಾರಿಗೆ ಆ ಕಡೆಯ ರೇಂಜ್ ಆಫೀಸಲ್ಲಿ ಮೊದಲೇ ಕೇಳಿ, ಆನ್‌ಲೈನ್ ಬುಕಿಂಗ್ ಇರೋ ಚಾರಣದ ದಾರಿಗಳೂ ಇದ್ದಾವೆ.

ತೋಟಪಟ್ಟಿ:

ನಾನು ನಡಿಗೆಯವನಲ್ಲ, ನಮ್ಮನೆ ಮುಂದೆ ನಡಿಗೆಯವರು ಹೋಗ್ತಾರೆ, ಆ ಕಡೆಯಿಂದ ಎರಡು ಮಾತು.

ಈ ಭಾಗದಲ್ಲಿ ನೀವು ಕಾಡು ಅಂತ ಅಂದ್ಕೊಳ್ಳೋದ್ರಲ್ಲಿ ಬಹಳಷ್ಟು ಸೊಪ್ಪಿನ ಬೆಟ್ಟ. ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಿಟ್ಟು ಕೊಟ್ಟದ್ದು, ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಎಲ್ಲ ಅಲ್ಲಿಂದಲೇ ಬರಬೇಕು. ಜಾಗ ಸರ್ಕಾರದ್ದೇ, ಆದ್ರೆ ಅದನ್ನ ನೋಡ್ಕೊಳ್ಳೋ ಮನೆಯವರು ಇರ್ತಾರೆ. ಮುಂಚೆ ನೋಡೋಕೆ ಬರ್ತೀರಲ್ಲ, ಅವತ್ತೇ ಆ ಮನೆಗೆ ಹೋಗಿ ಇಂಥ ದಿನ ಇಷ್ಟು ಜನ ಈ ದಾರೀಲಿ ಹೋಗ್ತೇವೆ ಅಂತ ಒಂದು ಮಾತು ಹೇಳಿ. ಬೇಡ ಅನ್ನೋರು ತೀರಾ ಕಮ್ಮಿ, ನಾಯಿ ಕಟ್ಟಿ ಹಾಕಿ ಮಜ್ಜಿಗೆ ಕೊಟ್ಟು ಕಳಿಸೋರೇ ಜಾಸ್ತಿ.

ದಣಪೆ, ಅಂದ್ರೆ ಗಳ ಅಡ್ಡ ಹಾಕಿದ ಬೇಲಿ ಬಾಗಿಲು, ತೆಗೆದ್ರೆ ವಾಪಸ್ ಹಾಕಿ. ಮೇಲಿನ ಗಳ ಒಂದೇ ಸರಿಸಿ ದಾಟಿದ್ರೂ ಅದನ್ನ ಎರಡೂ ಕಡೆ ತೂತಿಗೆ ಸರಿಯಾಗಿ ಕೂರಿಸ್ಬೇಕು, ಒಂದು ತುದಿ ಸಿಕ್ಕಿಸಿ ಇನ್ನೊಂದು ತುದಿ ಹಂಗೇ ಒರಗಿಸಿ ಹೋದ್ರೆ ದನ ಮೂತೀಲಿ ದೂಡಿ ಒಳಗೆ ಬರ್ತದೆ, ಒಂದು ತಾಸಲ್ಲಿ ಬಾಳೆ, ಅಡಿಕೆ ಸಸಿ ಎಲ್ಲ ಖಾಲಿ. ನಮ್ಮಲ್ಲೇ ಹಾಗೆ ಆಗಿದೆ, ಬಹಳ ಬೇಜಾರಾಗ್ತದೆ. ಐಬೆಕ್ಸ್ ತಂತಿ ಕಂಡ್ರೆ ಕರೆಂಟ್ ಇದೆ ಅಂತಲೇ ತಿಳ್ಕೊಳ್ಳಿ, ಮುಟ್ಟಿ ನೋಡೋಕೆ ಹೋಗ್ಬೇಡಿ.

ಅಡಿಕೆ ಕೊನೆ (ಗೊನೆ) ಕೊಯ್ಲಿನ ಟೈಮಲ್ಲಿ ತೋಟದೊಳಗಿನ ದಾರಿ ಬಿಟ್ಟೇ ಬಿಡಿ. ಕೊನೆಗೌಡ ಮರದ ಮೇಲಿರ್ತಾನೆ, ಕೊನೆ ಹಗ್ಗದ ಮೇಲೆ ಜಾರಿ ಬರ್ತಾ ಇರ್ತದೆ, ಕೆಳಗೆ ಹತ್ತು ಜನ ತಲೆ ಮೇಲೆ ಮಾಡ್ಕೊಂಡು ನೋಡ್ತಾ ನಿಂತ್ರೆ ಅವನಿಗೂ ಗಾಬರಿ, ನಿಮಗೂ ಅಪಾಯ. ಅಡಿಕೆ ಕೊಳೆ ರೋಗಕ್ಕೆ ಮದ್ದು ಹೊಡೆಯೋ ದಿನವೂ ಅಷ್ಟೇ.

ಆಲೆಮನೆ ನಡೆಯೋ ಕಾಲಕ್ಕೆ ಈ ಕಡೆ ಬನ್ನಿ, ಕಬ್ಬಿನ ಹಾಲು ಕುಡಿದು ಹೋಗಬಹುದು.

ಸಿದ್ದಾಪುರದ ಸಿಸ್ಟರ್:

ಎಲ್ಲ ಓದಿದೆ, ಮಂಗನ ಕಾಯಿಲೆ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದ್ದೇನೆ. ನಡೆಯೋಕೆ ಚೆಂದ ಅಂತ ನೀವು ಆರಿಸೋ ತಿಂಗಳುಗಳೇ ಅದರ ಕಾಲ, ಡಿಸೆಂಬರ್‌ನಿಂದ ಮೇ ತನಕ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದದ್ದು, ನಮ್ಮ ಸಿದ್ದಾಪುರ ತಾಲೂಕಲ್ಲಿ 2024ರಲ್ಲೂ ಕೇಸ್ ಬಂದಿದೆ. ಹರಡೋದು ಉಣುಗಿನಿಂದ, ಅಂದ್ರೆ ಉಣ್ಣೆ ಹುಳದಿಂದ. ಉಂಬಳಕ್ಕೆ (ಜಿಗಣೆಗೆ) ಎಲ್ರೂ ಹೆದರ್ತಾರೆ, ಉಂಬಳ ರಕ್ತ ಕುಡಿದು ಬಿದ್ದು ಹೋಗ್ತದೆ, ಉಪ್ಪು ಅಥವಾ ಸುಣ್ಣ ತಂಬಾಕು ತಾಗಿಸಿದ್ರೆ ಬಿಡ್ತದೆ. ಉಣುಗಿನ ಮರಿ ಎಳ್ಳಿಗಿಂತ ಸಣ್ಣ, ಕಚ್ಚಿದ್ದೂ ಗೊತ್ತಾಗೋದಿಲ್ಲ.

ಉದ್ದ ಪ್ಯಾಂಟ್ ಹಾಕಿ ಅದರ ತುದಿ ಸಾಕ್ಸ್ ಒಳಗೆ ಸೇರಿಸಿ. ತಿಳಿ ಬಣ್ಣದ ಬಟ್ಟೆ ಆದ್ರೆ ಹತ್ತಿದ್ದು ಕಾಣ್ತದೆ. ಆರೋಗ್ಯ ಇಲಾಖೆಯವರು ಹಂಚೋ ಡೆಪಾ ಎಣ್ಣೆ ಸಿಕ್ಕಿದ್ರೆ ಕೈ ಕಾಲಿಗೆ ಹಚ್ಚಿ. ದರಕಿನ ಮೇಲೆ ಕೂತು ಊಟ ಮಾಡಬೇಡಿ, ಬಂಡೆ, ಕಟ್ಟೆ, ಜಗಲಿ ನೋಡಿ ಕೂತ್ಕೊಳ್ಳಿ. ಮನೆಗೆ ಬಂದ ಕೂಡ್ಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಒಂದು ವಾರದೊಳಗೆ ಏಕಾಏಕಿ ಜ್ವರ, ವಿಪರೀತ ತಲೆನೋವು, ಮೈ ಕೈ ಸೆಳೆತ ಬಂದ್ರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳ್ಲೇಬೇಕು, ಹೇಳದಿದ್ರೆ ಸಾದಾ ಜ್ವರದ ಮಾತ್ರೆ ಕೊಟ್ಟು ಕಳಿಸ್ತಾರೆ. ದಾರೀಲಿ ಮಂಗ ಸತ್ತು ಬಿದ್ದಿದ್ದು ಕಂಡ್ರೆ ಹತ್ರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ದಾರಿ ಆ ಸೀಸನ್‌ಗೆ ಕೈಬಿಡಿ. ಕಾಯಿಲೆ ಕಂಡ ಊರಿನ ಕಡೆಗೂ ಆ ವರ್ಷ ನಡಿಗೆ ಬೇಡ.

ಕಾಳಿ ಕಡವು:

ಸಿಸ್ಟರ್ ಹೇಳಿದ್ದು ಓದಿದ ಮೇಲೆ ನನಗನ್ಸೋದು, ಜನವರಿ ಫೆಬ್ರವರಿ ನಡಿಗೆ ಕರಾವಳಿಗೆ ಹಾಕ್ಕೊಳ್ಳಿ. ದರಕು ಇಲ್ಲ, ಮರಳು, ಬಂಡೆ, ಗಾಳಿ.

ಕುಮಟಾ ಗೋಕರ್ಣ ಕಡಲ ದಾರಿ ಒಂದೇ ದಿನಕ್ಕೆ ಅಂತ ಹೋಗಬೇಡಿ, ತುಂಡು ಮಾಡಿ. ಕುಮಟಾದಿಂದ ಬಾಡ ತನಕ ಒಂದು ದಿನ. ಅಘನಾಶಿನಿ ಊರಿಂದ ಬಾರ್ಜ್ ಹತ್ತಿ ತದಡಿಗೆ ದಾಟಿ ಆಚೆ ನಡೆಯೋದು ಇನ್ನೊಂದು ದಿನ. ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್ ಮತ್ತೊಂದು ದಿನ, ಇದ್ರಲ್ಲಿ ಗುಡ್ಡದ ಅಂಚಿನ ದಾರಿ ಇದೆ, ಮೊಣಕಾಲಿನ ಅಕ್ಕ ಓಂ ಬೀಚ್ ತನಕ ಬಂದು ಅಲ್ಲೇ ಕೂತಿರಬಹುದು.

ಇಲ್ಲಿ ಟೈಮ್ ಹೇಳೋದು ಗಡಿಯಾರ ಅಲ್ಲ, ನೀರು. ಇಳಿತದಲ್ಲಿ ಬಂಡೆ ಬುಡದಲ್ಲಿ ಆರಾಮ ದಾಟಿದ ಜಾಗ ಉಬ್ಬರದಲ್ಲಿ ಸೊಂಟಮಟ್ಟ ನೀರಾಗಿರ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ದಿನದಿಂದ ದಿನಕ್ಕೆ ಹೆಚ್ಚು ಕಮ್ಮಿ 50 ನಿಮಿಷ ಮುಂದೆ ಹೋಗ್ತದೆ, ಅಂದ್ರೆ ಈ ಭಾನುವಾರ ನೋಡಿ ಬಂದ ಟೈಮ್ ಮುಂದಿನ ಭಾನುವಾರಕ್ಕೆ ಬರೋದಿಲ್ಲ. ಅಮಾಸೆ ಹುಣ್ಣಿಮೆ ಹತ್ರ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ನೀರು ಇಳೀತಾ ಇರುವಾಗ ಬಂಡೆ ಜಾಗ ದಾಟೋ ಹಾಗೆ ಹೊರಡಿ, ಏರ್ತಾ ಇರುವಾಗ ಅಲ್ಲ. ಊರಿನ ಮೀನುಗಾರರನ್ನ ಒಂದು ಮಾತು ಕೇಳಿ, ಅವರ ಬಾಯಲ್ಲೇ ಇರ್ತದೆ.

ಕಾರವಾರಕ್ಕೆ ಬಂದ್ರೆ ಮಾಜಾಳಿಯಿಂದ ಗುಡ್ಡ ದಾಟಿ ತಿಳ್ಮಾತಿ ಬೀಚ್. ಗೋವಾ ಗಡಿ ಪಕ್ಕ. ಮಾಜಾಳಿ ಮರಳು ಬಿಳಿ, ಗುಡ್ಡ ಇಳಿದ ಕೂಡ್ಲೇ ಎಳ್ಳು ಚೆಲ್ಲಿದ ಹಾಗೆ ಕಪ್ಪು ಮರಳು, ಕೈಯಲ್ಲಿ ಹಿಡಿದ್ರೆ ಒಂದೊಂದು ಕಾಳೂ ಬೇರೆ ಬೇರೆ ಕಾಣ್ತದೆ. ದಾರಿ ಚಿಕ್ಕದು, ಆದ್ರೆ ನೀವು ಶಿರಸಿಯಿಂದ ಬರೋದೇ ದೂರ, ಹಿಂದಿನ ಸಂಜೆ ಬಂದು ಉಳ್ಕೊಳ್ಳಿ. ಬೆಳಗ್ಗೆ ಹತ್ತರೊಳಗೆ ನಡಿಗೆ ಮುಗಿಸಿ, ಆಮೇಲೆ ಬಿಸಿಲು ತಡ್ಕೊಳ್ಳೋಕೆ ಆಗೋದಿಲ್ಲ. ಒಬ್ಬೊಬ್ರಿಗೆ ಕನಿಷ್ಠ ಎರಡು ಲೀಟರ್ ನೀರು, ಜೊತೆಗೆ ಮುರುಗಲು ಶರಬತ್ತು.

ಜೂನ್‌ನಿಂದ ಆಗಸ್ಟ್ ಕಡಲ ಕಡೆಗೂ ಬೇಡ, ಕಡಿದ ಗುಡ್ಡದ ಕೆಳಗಿನ ದಾರಿಗೂ ಬೇಡ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಏನಾಯ್ತು ಅಂತ ನಮ್ಮ ಜಿಲ್ಲೆಯವರಿಗೆ ಹೇಳೋದೇ ಬೇಡ.

ಮಾರಿಗುಡಿ ಬೀದಿ:

ಎಲ್ರಿಗೂ ಬಹಳ ಬಹಳ ಥ್ಯಾಂಕ್ಸ್, ಇವತ್ತೇ ಗ್ರೂಪಲ್ಲಿ ಓದಿ ಹೇಳಿದೆ. ಎರಡನೇ ಭಾನುವಾರ ಅಂತ ಗಟ್ಟಿ ಮಾಡಿದ್ವಿ. ನವೆಂಬರ್ ಬನವಾಸಿ, ಮಾಸ್ತರು ಒಪ್ಪಿದ್ರು, ಮುಂದಿನ ವಾರವೇ ನೋಡಿ ಬರ್ತೇವೆ ಅಂತ ಹೊರಟಿದ್ದಾರೆ. ಅಕ್ಕ ಮುಂದೆ ನಡೆಯೋದು ಅಂತ ಹೇಳಿದ್ದಕ್ಕೆ ಅವರಿಗೆ ಎಷ್ಟು ಖುಷಿ ಆಯ್ತು ಅಂತ ಬರೆಯೋಕೆ ಬರೋದಿಲ್ಲ.

ಒಂದೇ ಪ್ರಶ್ನೆ ಉಳೀತು. ಹೋಗಿ ಬರೋಕೆ ನಮ್ಮ ನಮ್ಮ ಕಾರು ಒಳ್ಳೇದಾ, ಬಸ್ಸಾ? ಕಾರು ಇದ್ದವರು ಮೂರು ಜನ, ಪ್ರತಿ ತಿಂಗಳು ಅವರಿಗೇ ಭಾರ ಹಾಕೋದು ಸರಿ ಕಾಣೋದಿಲ್ಲ.

ದೇವಿಮನೆ ಘಟ್ಟ:

ಬಸ್ಸು, ಆದಷ್ಟು ಮಟ್ಟಿಗೆ. ಖರ್ಚಿನ ಲೆಕ್ಕ ಬಿಡಿ, ಹೆಂಗಸರಿಗೆ 2023ರಿಂದ ಶಕ್ತಿ ಯೋಜನೇಲಿ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡೂ ಇಲ್ಲ. ದೊಡ್ಡ ಲಾಭ ಏನಂದ್ರೆ ಕಾರು ಇಟ್ಟ ಜಾಗಕ್ಕೇ ವಾಪಸ್ ಬರಬೇಕು ಅನ್ನೋದು ತಪ್ತದೆ, ಒಂದು ಸ್ಟಾಪಲ್ಲಿ ಇಳಿದು ನಡೆದು ಇನ್ನೊಂದು ಊರಲ್ಲಿ ಬಸ್ ಹತ್ತಬಹುದು. ಅಕ್ಕನಿಗೆ ಅರ್ಧಕ್ಕೆ ಸಾಕಾದ್ರೆ ನಡುವೆ ಬಸ್ ರಸ್ತೆ ಮುಟ್ಟೋ ಜಾಗ ಒಂದಾದ್ರೂ ಇರೋ ಹಾಗೆ ದಾರಿ ಹಾಕಿ, ಅವರ ಜೊತೆ ಒಬ್ರು ವಾಪಸ್ ಹೋಗೋದು ಯಾರು ಅಂತ ಹೊರಡೋ ಮೊದಲೇ ಹೇಳಿ ಇಡಿ. ಸಂಜೆ ಕೊನೇ ಬಸ್ಸನ್ನ ನಂಬಬೇಡಿ, ಅದಕ್ಕಿಂತ ಹಿಂದಿನದ್ದಕ್ಕೆ ಲೆಕ್ಕ ಹಾಕಿ. ಭಾನುವಾರ ಕೆಲವು ಹಳ್ಳಿ ಬಸ್ಸು ಇರೋದೇ ಇಲ್ಲ, ಡಿಪೋದಲ್ಲಿ ಕೇಳ್ಕೊಳ್ಳಿ.

ಬಸ್ ಇಲ್ಲದ ಕಡೆಗೆ ಒಂದು ಟೆಂಪೋ ಬಾಡಿಗೆ ಮಾಡಿ ಎಲ್ರೂ ಹಂಚ್ಕೊಳ್ಳಿ, ಬಾರದವರ ಪಾಲು ಎಷ್ಟು ಅಂತ ಮೊದಲ ದಿನವೇ ಮಾತಾಡಿ. ಕಣಿವೇಲಿ ಸಿಗ್ನಲ್ ಇರೋದಿಲ್ಲ, ಹಾಗಾಗಿ ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಅಂತ ಮನೇಲಿರೋ ಒಬ್ರಿಗೆ ಬರೆದು ಕೊಟ್ಟು ಹೊರಡಿ. ಸೋಂದಾ ದಾರಿ ನಾನು ಬೇಕಾದ್ರೆ ನಿಮ್ಮವರ ಜೊತೆ ಮುಂಚೆ ನಡೆದು ತೋರಿಸ್ತೇನೆ, ಡಿಸೆಂಬರ್ ಮೊದಲ ವಾರ ನನಗೆ ಬಿಡುವಿದೆ.