‘ಒಂದೇ ದಿನದಲ್ಲಿ ನಡೆದ!’: ನಮ್ಮ ಮನೆಯವರ ಗುಂಪಿನಲ್ಲಿ ಒಂದು ಜಗಳ

ಸುಬ್ಬು ಮಾವ: (ಹಲವು ಬಾರಿ ಫಾರ್ವರ್ಡ್ ಆದ ವಿಡಿಯೊ) ಬೆನ್ನುಹುರಿಗೆ ಪೆಟ್ಟಾದವನು ಒಂದೇ ದಿನದಲ್ಲಿ ಎದ್ದು ನಡೆದ!! ಎಲ್ಲರೂ ತಪ್ಪದೇ ನೋಡಿ.

ಸುಬ್ಬು ಮಾವ: ಕಿರಣ, ನೋಡಿದೆಯಾ? ನಿನ್ನ ಬೆನ್ನುಹುರಿ ಪೆಟ್ಟಿಗೂ ಏನೋ ಒಂದು ದಾರಿ ಸಿಕ್ಕೇ ಸಿಗುತ್ತದೆ ಅಂತ ಅವತ್ತೇ ಹೇಳಿರಲಿಲ್ವಾ? ಎಲ್ಲರೂ ಸೇರಿ ಹಣ ಹೊಂದಿಸೋಣ. ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.

ವಿಮಲಾ ಚಿಕ್ಕಮ್ಮ: ದೇವರು ಕಣ್ಣು ಬಿಟ್ಟ. ನಾನೂ ಕೊಡುತ್ತೇನೆ ಸುಬ್ಬಣ್ಣ.

ರಮ್ಯಾ: ಮಾವ, ಹಣದ ಮಾತು ಸ್ವಲ್ಪ ತಡೆಯಿರಿ. ವಿಡಿಯೊ ಸುಳ್ಳಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕೂರ್ಟೀನ್ ಮತ್ತು ಬ್ಲಾಕ್ ಅವರ ತಂಡ ಮಾಡಿದ ಕೆಲಸ, 2022ರಲ್ಲಿ ಪ್ರಕಟವಾಯಿತು. ಬೆನ್ನುಹುರಿಯ ಮೇಲೆ ಎಲೆಕ್ಟ್ರೋಡ್ ಕೂರಿಸಿ ಕರೆಂಟು ಕೊಡುತ್ತಾರೆ. ಮಾಡಿದ್ದು ಮೂರೇ ಜನರಿಗೆ. ಮೊದಲ ದಿನ ಹೆಜ್ಜೆ ಹಾಕಿದ್ದೂ ನಿಜ. ಆದರೆ ಮೈಭಾರವನ್ನು ಮೇಲಿನಿಂದ ಬೆಲ್ಟ್ ಕಟ್ಟಿ ಎತ್ತಿ ಹಿಡಿದಿದ್ದರು. ವಾಕರ್ ಹಿಡಿದು ಹೊರಗೆ ನಡೆಯುವುದಕ್ಕೆ ತಿಂಗಳುಗಟ್ಟಲೆ ತರಬೇತಿ ಬೇಕಾಯಿತು. ‘ಒಂದೇ ದಿನ’ ಅಂತ ಹಾಕಿದವರು ಅದನ್ನು ಹಾಕಲಿಲ್ಲ.

ಪ್ರಕಾಶ: ಎಲ್ಲದಕ್ಕೂ ತಣ್ಣೀರು ಎರಚಬೇಡ ರಮ್ಯಾ. 2011ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಒಬ್ಬನೇ ಒಬ್ಬ ಎದ್ದು ನಿಂತ. 2018ರಲ್ಲಿ ಅಲ್ಲೇ ನಾಲ್ವರಲ್ಲಿ ಇಬ್ಬರು ನೆಲದ ಮೇಲೆ ನಡೆದರು. 2023ರಲ್ಲಿ ಲೊಸಾನ್‌ನವರು ಮೆದುಳಿನ ಸಂಕೇತವನ್ನೇ ನೇರ ಬೆನ್ನುಹುರಿಗೆ ಕಳಿಸಿ ಒಬ್ಬರನ್ನು ನಡೆಸಿದರು. ಹನ್ನೆರಡು ವರ್ಷದಲ್ಲಿ ಇಷ್ಟು! ಇದನ್ನು ನೋಡಿ ಖುಷಿಪಡುವುದೂ ತಪ್ಪಾ?

ರಮ್ಯಾ: ಖುಷಿಪಡು. ಆದರೆ ಪೂರ್ತಿ ಓದಿ ಖುಷಿಪಡು. 2018ರ ಆ ಇಬ್ಬರಲ್ಲಿ ಒಬ್ಬರಿಗೆ ಅಲ್ಲಿಗೆ ತಲುಪಲು 85 ವಾರ, 278 ಸೆಷನ್ ಬೇಕಾಯಿತು. ಆ ನಾಲ್ವರಲ್ಲಿ ಒಬ್ಬರಿಗೆ ತರಬೇತಿಯ ವೇಳೆ ಸೊಂಟದ ಮೂಳೆ ಮುರಿಯಿತು. ಕಾಲಿಗೆ ಭಾರ ಬೀಳದೆ ವರ್ಷಗಟ್ಟಲೆ ಇದ್ದರೆ ಮೂಳೆ ಟೊಳ್ಳಾಗುತ್ತದೆ. 278 ಸಲ ಪಕ್ಕದಲ್ಲಿ ನಿಂತು ತೆರಪಿ ಮಾಡಿಸುವವರು ಯಾರು? ನಮ್ಮ ಕಿರಣಣ್ಣನಿಗೆ ಡಿಸ್ಚಾರ್ಜ್ ಆದ ಮೇಲೆ ವಾರಕ್ಕೊಂದು ಸಲ ಫಿಸಿಯೋ ಸಿಗುವುದೇ ಕಷ್ಟ ಇದೆ.

ವಿಮಲಾ ಚಿಕ್ಕಮ್ಮ: ಹಾಗಾದರೆ ಆ ಸ್ಟೆಮ್ ಸೆಲ್ ಇಂಜೆಕ್ಷನ್ ಆಗಬಹುದಲ್ವಾ? ನನ್ನ ಸ್ನೇಹಿತೆ ಒಂದು ಜಾಹೀರಾತು ಕಳಿಸಿದ್ದಳು. ಹಾಕಲಾ?

ರಮ್ಯಾ: ಬೇಡ ಚಿಕ್ಕಮ್ಮ, ದಯವಿಟ್ಟು ಬೇಡ. ಜಪಾನ್ 2018ರಲ್ಲಿ ಅಂಥದ್ದೊಂದಕ್ಕೆ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಧಾರ 13 ಜನ ರೋಗಿಗಳು. ಇಂಜೆಕ್ಷನ್ ಇಲ್ಲದ ಇನ್ನೊಂದು ಗುಂಪನ್ನು ಇಟ್ಟು ಹೋಲಿಸಿಯೇ ಇರಲಿಲ್ಲ. ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಕೆಲವರು ತಾವಾಗಿಯೇ ಒಂದಿಷ್ಟು ಚೇತರಿಸಿಕೊಳ್ಳುತ್ತಾರೆ. ಅದನ್ನೆಲ್ಲ ಇಂಜೆಕ್ಷನ್ ಖಾತೆಗೆ ಬರೆದುಕೊಂಡರೆ ಆಯಿತಾ? ಬೇರೆ ವಿಜ್ಞಾನಿಗಳು ಆಗಲೇ ಆಕ್ಷೇಪ ಎತ್ತಿದ್ದರು. ಜಾಹೀರಾತು ಕೊಡುವ ಕ್ಲಿನಿಕ್‌ಗಳ ಬಳಿ ಅಷ್ಟು ಕೂಡ ಇರುವುದಿಲ್ಲ.

ವಿಮಲಾ ಚಿಕ್ಕಮ್ಮ: (ಈ ಸಂದೇಶವನ್ನು ಅಳಿಸಲಾಗಿದೆ)

ಸುಬ್ಬು ಮಾವ: ಓದಿದವರೆಲ್ಲ ಹೀಗೇ. ಏನು ಕಳಿಸಿದರೂ ಕೊಕ್ಕೆ.

ಕಿರಣ: ನನ್ನ ವಿಷಯವೇ ಇರಬೇಕು, ಫೋನು ಬಡಿದುಕೊಳ್ಳುತ್ತಲೇ ಇದೆ. ಮಾತಾಡಿ ಟೈಪ್ ಮಾಡಿಸುತ್ತಿದ್ದೇನೆ, ತಪ್ಪಿದ್ದರೆ ಫೋನಿನ ತಪ್ಪು.

ಕಿರಣ: ಮಾವ, ನಿಮ್ಮ ಪ್ರೀತಿ ಗೊತ್ತು. ಆದರೆ ಯಾರೂ ನನ್ನನ್ನು ಒಂದು ಪ್ರಶ್ನೆ ಕೇಳಲಿಲ್ಲ. ‘ನಿನಗೆ ಏನು ವಾಪಸ್ ಬೇಕು?’ ನಡೆಯುವುದು ನನ್ನ ಪಟ್ಟಿಯಲ್ಲಿ ಮೊದಲಿಲ್ಲ. ಬೆರಳು ಮೊದಲು. ಎರಡನೆಯದು ಮೂತ್ರ. ಕಾಲು ಎಲ್ಲೋ ಐದನೆಯದಕ್ಕೆ ಬರುತ್ತದೆ.

ಸುಬ್ಬು ಮಾವ: ಬೇಜಾರಿನಲ್ಲಿ ಹಾಗೆ ಹೇಳುತ್ತಿದ್ದೀಯ.

ರಮ್ಯಾ: ಬೇಜಾರಲ್ಲ ಮಾವ. 2004ರಲ್ಲಿ ಕಿಮ್ ಆ್ಯಂಡರ್ಸನ್ ಅನ್ನುವ ಸಂಶೋಧಕಿ ಬೆನ್ನುಹುರಿ ಪೆಟ್ಟಾದ 681 ಜನರನ್ನು ಇದೇ ಪ್ರಶ್ನೆ ಕೇಳಿದ್ದರು. ಅವರಿಗೂ ಸ್ವತಃ ಬೆನ್ನುಹುರಿಗೆ ಪೆಟ್ಟಾಗಿದೆ. ಕೈಕಾಲು ಎರಡೂ ಸ್ವಾಧೀನದಲ್ಲಿ ಇಲ್ಲದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಮೊದಲು ಬೇಕು ಅಂದದ್ದು ಕೈ.

ಪ್ರಕಾಶ: ಕಾಲು ಮಾತ್ರ ಹೋದವರು ಏನಂದರು?

ರಮ್ಯಾ: ಅದು... ಗಂಡ ಹೆಂಡತಿ ವಿಷಯ. ಅದೇ ಮೊದಲು ಅಂದರು. ಮನೆಯವರ ಗುಂಪಿದು, ಬೇಕಾದರೆ ನೀನೇ ಹುಡುಕಿ ಓದು.

ಪ್ರಕಾಶ: ಸರಿ ಸರಿ.

ಕಿರಣ: ಅದರಲ್ಲಿ ನಾಚುವುದು ಏನಿದೆ? ಆಸ್ಪತ್ರೆಯಲ್ಲೂ ಎಲ್ಲರೂ ಹೀಗೇ ‘ಸರಿ ಸರಿ’ ಅಂದರು. ಆ ವಿಷಯ ಒಬ್ಬರೂ ಎತ್ತಲಿಲ್ಲ.

ಕಿರಣ: ಕೈ ವಿಷಯಕ್ಕೆ ಬರುತ್ತೇನೆ. ನನ್ನ ಬೆರಳಿಗೆ ಶಕ್ತಿ ಇಲ್ಲ, ಮಣಿಕಟ್ಟಿಗೆ ಇದೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತಿದರೆ ಬೆರಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಕೆಳಗೆ ಬಿಟ್ಟರೆ ಬಿಚ್ಚಿಕೊಳ್ಳುತ್ತವೆ. ಅಷ್ಟರಲ್ಲೇ ನಾನು ಲೋಟ ಹಿಡಿಯುವುದು, ಹಲ್ಲುಜ್ಜುವ ಬ್ರಷ್ ಹಿಡಿಯುವುದು. ಚಿಕ್ಕಮ್ಮ, ಸಿಟ್ಟು ಮಾಡಿಕೊಳ್ಳಬೇಡಿ. ನೀವು ಬಂದಾಗಲೆಲ್ಲ ಎಣ್ಣೆ ಹಚ್ಚಿ ಬೆರಳನ್ನು ನೇರ ಎಳೆಯುತ್ತೀರಲ್ಲ, ಆಮೇಲೆ ಹಿಡಿತ ಸಡಿಲವಾಗುತ್ತದೆ.

ವಿಮಲಾ ಚಿಕ್ಕಮ್ಮ: ಅಯ್ಯೋ ಮಗಾ, ಸೆಟೆದುಕೊಂಡಿವೆ, ರಕ್ತ ಓಡಾಡಲಿ ಅಂತ ಮಾಡಿದ್ದು ಕಣೋ. ನನಗೆ ಯಾರು ಹೇಳಿದರು?

ರಮ್ಯಾ: ಯಾರೂ ಹೇಳಲಿಲ್ಲ ಚಿಕ್ಕಮ್ಮ, ನಾನು ಹೇಳುತ್ತಿರುವುದೂ ಅದನ್ನೇ. ಆ ಸ್ನಾಯು ಸ್ವಲ್ಪ ಬಿಗಿ ಇದ್ದರೇ ಈ ಹಿಡಿತ ಬರುವುದು. ಮಣಿಕಟ್ಟು, ಬೆರಳು ಎರಡನ್ನೂ ಒಟ್ಟಿಗೆ ಹಿಂದಕ್ಕೆ ಎಳೆಯಬಾರದು. ಮಣಿಕಟ್ಟು ಮೇಲಿದ್ದಾಗ ಬೆರಳು ಮಡಚಿರಬೇಕು, ಬೆರಳು ಬಿಡಿಸಬೇಕಾದರೆ ಮಣಿಕಟ್ಟು ಕೆಳಗಿರಬೇಕು. ಐದು ನಿಮಿಷ ಕೂರಿಸಿಕೊಂಡು ತೋರಿಸಿದರೆ ಸಾಕಿತ್ತು. ಇದು ಆಸ್ಪತ್ರೆಯ ಕೆಲಸಕ್ಕೆ ನಾವು ಓದುವಾಗಲೇ ಕಲಿಸುವ ಪಾಠ.

ಸುಬ್ಬು ಮಾವ: ಎಣ್ಣೆ, ಬೆರಳು, ಮೂತ್ರದ ಪೈಪು. ಇವೆಲ್ಲ ಸಣ್ಣಪುಟ್ಟ ವಿಷಯ ರಮ್ಯಾ. ನಾನು ದೊಡ್ಡ ಪರಿಹಾರದ ಮಾತು ಆಡುತ್ತಿದ್ದೇನೆ.

ಅಪರ್ಣಾ: ಮಾವ, ನಾನು ಈ ಗುಂಪಿನಲ್ಲಿ ಜಾಸ್ತಿ ಬರೆಯುವವಳಲ್ಲ. ಸಣ್ಣಪುಟ್ಟ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಪರ್ಣಾ: ಮನೆಗೆ ಬಂದ ಹೊಸತರಲ್ಲಿ ಒಂದು ಸಂಜೆ ಇವರಿಗೆ ತಲೆ ಸಿಡಿದು ಹೋಗುವಷ್ಟು ನೋವು. ಮುಖ ಕೆಂಪಗೆ, ಬೆವರು ಧಾರಾಕಾರ. ಕತ್ತಿನ ಕೆಳಗೆ ನೋಡಿದರೆ ಮೈ ತಣ್ಣಗೆ. ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಬಿಪಿ ನೋಡಿ ಗಾಬರಿಯಾದರು, ಮಲಗಿಸಿದರು. ಇನ್ನೂ ಜಾಸ್ತಿ ಆಯಿತು. ನಾನು ರಮ್ಯಾಗೆ ವಿಡಿಯೊ ಕಾಲ್ ಮಾಡಿದೆ. ‘ಅತ್ತಿಗೆ, ಮೊದಲು ಎಬ್ಬಿಸಿ ಕೂರಿಸಿ, ಪ್ಯಾಂಟಿನ ಸೊಂಟ ಸಡಿಲ ಮಾಡಿ, ಕ್ಯಾಥೆಟರ್ ಪೈಪ್ ನೋಡಿ’ ಅಂದಳು. ಪೈಪ್ ತೊಡೆ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದ ತಕ್ಷಣ ಚೀಲ ತುಂಬಿತು. ಹತ್ತು ನಿಮಿಷದಲ್ಲಿ ಮನುಷ್ಯ ಸರಿ. ಆ ಪೈಪು ಸಣ್ಣ ವಿಷಯ ಅಂದರೆ ನನಗೆ ಸಿಟ್ಟು ಬರುತ್ತದೆ ಮಾವ.

ರಮ್ಯಾ: ಅದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ಬೆನ್ನುಹುರಿಗೆ ಎದೆಭಾಗದ ಟಿ6 ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಬರುತ್ತದೆ. ಕಿರಣಣ್ಣನದು ಕತ್ತಿನ ಸಿ6. ಕೆಳಗೆ ಏನೋ ಕಿರಿಕಿರಿ ಆಗುತ್ತಿದೆ ಅಂತ ಮೆದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಬಿಪಿ ಮಾತ್ರ ಏರುತ್ತಾ ಹೋಗುತ್ತದೆ. ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಡಿಸ್ಚಾರ್ಜ್ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲು ಇರಲಿಲ್ಲ.

ರಮ್ಯಾ: ಇನ್ನೊಂದು ಮಾತು ಮಾವ. ಎರಡನೇ ಮಹಾಯುದ್ಧಕ್ಕೆ ಮೊದಲು ಇಂಥ ಪೆಟ್ಟಾದವರಲ್ಲಿ ಹೆಚ್ಚಿನವರು ಬೇಗ ಸಾಯುತ್ತಿದ್ದರು. ಸಾಯುತ್ತಿದ್ದದ್ದು ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣಿನಿಂದ (ಬೆಡ್‌ಸೋರ್), ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗಟ್‌ಮನ್ ಪ್ರತ್ಯೇಕ ವಾರ್ಡ್ ಶುರು ಮಾಡಿದರು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸಿದರು, ಮೂತ್ರಕೋಶ ನೋಡಿಕೊಂಡರು, ಆಟಕ್ಕೆ ಎಬ್ಬಿಸಿದರು. ಆ ಆಟವೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. ಆ ವಾರ್ಡಿನಲ್ಲಿ ಚಿಪ್ ಇರಲಿಲ್ಲ, ದಿಂಬು ಇತ್ತು.

ಪ್ರಕಾಶ: ಒಪ್ಪಿದೆ. ಆದರೆ ನಿನ್ನ ವಾದದಲ್ಲೂ ಒಂದು ತೂತಿದೆ. ಡಿಸ್ಚಾರ್ಜ್ ಆದವರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರೆ ಜೀವ ಉಳಿಯುತ್ತದೆ ಅಂತ ಯಾವಾಗಲೂ ಹೇಳುತ್ತೀಯಲ್ಲ? ಬಾಂಗ್ಲಾದೇಶದಲ್ಲಿ ಅದನ್ನೇ ಪರೀಕ್ಷೆ ಮಾಡಿದ್ದಾರೆ. ಸಿವಿಕ್ ಟ್ರಯಲ್, 410 ಜನ. ಅರ್ಧ ಜನಕ್ಕೆ ಎರಡು ವರ್ಷ ಫೋನ್ ಮಾಡಿದರು, ಮನೆಗೂ ಹೋದರು. ಉಳಿದವರಿಗೆ ಮಾಮೂಲಿ ವ್ಯವಸ್ಥೆ. ಕೊನೆಗೆ ಸಾವಿನ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಈಗೇನು ಹೇಳುತ್ತೀಯ?

ಸುಬ್ಬು ಮಾವ: ಹಾಂ! ಈಗ ಹೇಳಮ್ಮ.

ರಮ್ಯಾ: ಹೇಳುತ್ತೇನೆ. ಆ ಫಲಿತಾಂಶ ನಿಜ, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಆ ಎರಡೂ ಗುಂಪಿನವರು ಹೊರಗೆ ಬಂದದ್ದು ಸಾವರ್‌ನ ಸಿಆರ್‌ಪಿಯಿಂದ. 1979ರಲ್ಲಿ ವ್ಯಾಲೆರಿ ಟೇಲರ್ ಶುರು ಮಾಡಿದ, ಇದಕ್ಕಾಗಿಯೇ ಇರುವ ಕೇಂದ್ರ ಅದು. ಅಲ್ಲಿ ಇದ್ದು ತರಬೇತಿ ಪಡೆದು ಮನೆಗೆ ಹೋದವರು. ಕಿರಣಣ್ಣನಂತೆ ಆಪರೇಷನ್ ಮುಗಿಸಿ ನೇರ ಮನೆಗೆ ಬಂದವರಲ್ಲ. ತಳಪಾಯವೇ ಇಲ್ಲದವರಿಗೆ ಈ ಫಲಿತಾಂಶ ಹೊಂದುತ್ತದಾ? ನನ್ನ ಲೆಕ್ಕದಲ್ಲಿ ಇಲ್ಲ. ಇನ್ನೊಂದು ವಿಷಯ, ಫೋನಿನಲ್ಲಿ ‘ಕುಶನ್ ಬದಲಿಸಿ’ ಅನ್ನಬಹುದು. ಕುಶನ್ ಫೋನಿನಲ್ಲಿ ಬರುವುದಿಲ್ಲವಲ್ಲ.

ಪ್ರಕಾಶ: ಇದು ನಿನ್ನ ಊಹೆ.

ರಮ್ಯಾ: ಹೌದು, ಊಹೆಯೇ. ಪರೀಕ್ಷೆ ಮಾಡಬೇಕಾದ ಊಹೆ. ಪ್ರಪಂಚದಲ್ಲಿ ಬೆನ್ನುಹುರಿ ಪೆಟ್ಟಿನೊಂದಿಗೆ ಬದುಕುತ್ತಿರುವವರು 1.5 ಕೋಟಿಗೂ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಿಗೆ ಏನು ಮುಟ್ಟಿಸಬೇಕು, ಹೇಗೆ ಮುಟ್ಟಿಸಬೇಕು ಅನ್ನುವುದೂ ಸಂಶೋಧನೆಯೇ. ಸಿವಿಕ್‌ನಂಥ ಟ್ರಯಲ್ ಇನ್ನೂ ಹತ್ತು ಆಗಬೇಕು. ಅದರ ವಿಡಿಯೊ ಯಾರೂ ಫಾರ್ವರ್ಡ್ ಮಾಡುವುದಿಲ್ಲ ಅಷ್ಟೆ.

ಕಿರಣ: ನಾನು ಮಧ್ಯೆ ಬರಲಾ? ರಮ್ಯಾ, ನೀನು ಹೇಳಿದ್ದೆಲ್ಲ ಸರಿ. ಹಾಗಂತ ಯಂತ್ರ ಬೇಡ ಅಂತ ನನ್ನ ಪರವಾಗಿ ನೀನೂ ತೀರ್ಮಾನ ಮಾಡಬೇಡ. ಕೈಗೆ ಅಂತ ಒಂದು ಬಂದಿದೆಯಲ್ಲ, ಆಪರೇಷನ್ ಇಲ್ಲದೆ ಕತ್ತಿನ ಚರ್ಮದ ಮೇಲೇ ಅಂಟಿಸುವುದು. ಅದರ ಬಗ್ಗೆ ಓದಿದ್ದೇನೆ. ನನಗೆ ಅದು ಬೇಕು.

ರಮ್ಯಾ: ಆರ್ಕ್-ಇಎಕ್ಸ್. ಅದು ನನಗೂ ಇಷ್ಟ. 2024ರಲ್ಲಿ ಫಲಿತಾಂಶ ಬಂತು. 60 ಜನರಲ್ಲಿ 72% ಮಂದಿಗೆ ಕೈಯ ಶಕ್ತಿ, ಕೆಲಸ ಎರಡೂ ಸುಧಾರಿಸಿದವು. ಪೆಟ್ಟಾಗಿ 34 ವರ್ಷ ಆದವರಿಗೂ ಪ್ರಯೋಜನ ಆಗಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಕೊರತೆಯೂ ಇದೆ. ಹೋಲಿಸಲು ಬೇರೆ ಗುಂಪು ಇರಲಿಲ್ಲ. ಮೊದಲು ಎರಡು ತಿಂಗಳು ಬರೀ ತೆರಪಿ, ಆಮೇಲೆ ಎರಡು ತಿಂಗಳು ಅದೇ ತೆರಪಿ ಜೊತೆ ಕರೆಂಟು. ಅಂದರೆ ತೆರಪಿ ಇಲ್ಲದೆ ಸುಮ್ನೆ ಅಂಟಿಸಿಕೊಂಡು ಕೂತರೆ ಏನಾದರೂ ಆಗುತ್ತದೆ ಅಂತ ಯಾರೂ ತೋರಿಸಿಲ್ಲ.

ಪ್ರಕಾಶ: ಕಿರಣನಿಗೆ ಅದು ಆಗಬಹುದಾ?

ರಮ್ಯಾ: ಅವನ ಗ್ರೇಡ್ ಏನು ಅನ್ನುವುದರ ಮೇಲೆ ಇದೆ. ಪೆಟ್ಟಿಗೆ ಎ, ಬಿ, ಸಿ, ಡಿ ಅಂತ ಗ್ರೇಡ್ ಕೊಡುತ್ತಾರೆ. ಎ ಅಂದರೆ ಕೆಳಗಿನ ತುದಿಯವರೆಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಆ ಟ್ರಯಲ್‌ಗೆ ತೆಗೆದುಕೊಂಡಿದ್ದು ಬಿ, ಸಿ, ಡಿ ಮಾತ್ರ.

ಕಿರಣ: ನನ್ನದು ಯಾವುದು?

ಅಪರ್ಣಾ: ಫೈಲ್ ತೆಗೆದು ನೋಡಿದೆ. ಸ್ಕ್ಯಾನ್ ಇದೆ, ಸ್ಕ್ರೂ ಹಾಕಿದ ವಿವರ ಇದೆ, ಬಿಲ್ ಇದೆ. ಗ್ರೇಡ್ ಎಲ್ಲೂ ಬರೆದಿಲ್ಲ.

ರಮ್ಯಾ: ಬರೆದಿಲ್ಲ ಅಂದರೆ ಬಹುಶಃ ಮಾಡೇ ಇಲ್ಲ ಅತ್ತಿಗೆ. ಹತ್ತಿಯ ಎಳೆ, ಗುಂಡುಸೂಜಿ ಇಟ್ಟುಕೊಂಡು ಮೈಯ ಒಂದೊಂದು ಜಾಗ ಮುಟ್ಟಿ ನೋಡುವ ಪರೀಕ್ಷೆ. ಬೇರೆ ಯಂತ್ರ ಬೇಡ. ಗುದದ್ವಾರದ ಸ್ಪರ್ಶವನ್ನೂ ನೋಡಬೇಕು. ಎಷ್ಟೋ ಕಡೆ ಆ ಮುಜುಗರಕ್ಕೇ ಬಿಟ್ಟುಬಿಡುತ್ತಾರೆ. ಅದನ್ನು ನೋಡದಿದ್ದರೆ ಎ ಯಾವುದು, ಬಿ ಯಾವುದು ಅಂತ ಹೇಳಲಿಕ್ಕೇ ಆಗುವುದಿಲ್ಲ.

ಸುಬ್ಬು ಮಾವ: ಅಂದರೆ ನಾನು ಲೊಸಾನ್‌ಗೆ ಮೇಲ್ ಬರೆದರೂ ಅವರು ಮೊದಲು ಕೇಳುವುದು ಇದನ್ನೇನಾ?

ರಮ್ಯಾ: ಲೊಸಾನ್ ಆಗಲಿ, ಎಲ್ಲೇ ಆಗಲಿ, ಮೊದಲ ಪ್ರಶ್ನೆ ಇದೇ ಮಾವ.

ಸುಬ್ಬು ಮಾವ: ಸರಿ. ಮಾಡಿಸು. ಆದರೆ ಮೇಲ್ ನಾನು ಬರೆದೇ ಬರೆಯುತ್ತೇನೆ, ಅದನ್ನು ತಡೆಯಬೇಡಿ.

ಕಿರಣ: ಬರೆಯಿರಿ ಮಾವ. ಕಾಲು ಅಂತ ಬರೆಯಬೇಡಿ, ಕೈ ಅಂತ ಬರೆಯಿರಿ.

ರಮ್ಯಾ: ಸೋಮವಾರ ನಮ್ಮ ವಿಭಾಗದ ಡಾಕ್ಟರ ಹತ್ತಿರ ಕೇಳುತ್ತೇನೆ. ಒಂದು ಗಂಟೆ ಬೇಕಾಗುತ್ತದೆ. ಕಾರಿಗೆ ಹತ್ತಿಸಿ ಇಳಿಸಲು ಇಬ್ಬರು ಬೇಕು. ಅತ್ತಿಗೆಯೊಬ್ಬರಿಗೇ ಬಿಡಬೇಡಿ.

ಪ್ರಕಾಶ: ನಾನು ಒಬ್ಬ.

ಸುಬ್ಬು ಮಾವ: ನಾನು ಇನ್ನೊಬ್ಬ.

ವಿಮಲಾ ಚಿಕ್ಕಮ್ಮ: ಸುಬ್ಬಣ್ಣ, ನಿನ್ನ ಸೊಂಟಕ್ಕೇ ಬೆಲ್ಟ್ ಇದೆ. ಸುಮ್ನೆ ಕೂತು ಮೇಲ್ ಬರಿ. ನನ್ನ ಮಗನನ್ನು ಕಳಿಸುತ್ತೇನೆ.