ತೂಕ, ಮುಟ್ಟು, ಮಗು: ಹಾರ್ಮೋನ್ ಡಾಕ್ಟರ್ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಮೇಡಂ 6ರಿಂದ 7ರವರೆಗೆ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ರಿಪೋರ್ಟ್ ಫೋಟೋ ಬೇಡ.

ವಿಜಯನಗರ: ಪಿಸಿಒಡಿ ಪೂರ್ತಿ ವಾಸಿ ಆಗುತ್ತಾ ಮೇಡಂ? ತೂಕ 78.

ಡಾಕ್ಟರ್: ಪಿಸಿಒಡಿ ಅಂದರೆ ಮುಟ್ಟು ಏರುಪೇರು ಮಾಡುವ ಹಾರ್ಮೋನ್ ತೊಂದರೆ, ಹತೋಟಿಗೆ ಬರುತ್ತದೆ. ನಾಲ್ಕರಿಂದ ಎಂಟು ಕೆಜಿ ಇಳಿದರೂ ಹಲವರಿಗೆ ಮುಟ್ಟು ಸರಿಹೋಗುತ್ತದೆ. ಅರವತ್ತಕ್ಕೇ ಬರಬೇಕು ಅಂತೇನಿಲ್ಲ.

ಬನಶಂಕರಿ: ವಯಸ್ಸು 29, ಎತ್ತರ 162 ಸೆಂಮೀ. ಎಂಟು ತಿಂಗಳಲ್ಲಿ 61ರಿಂದ 49 ಕೆಜಿಗೆ ಇಳಿದೆ. ದಿನಾ ಲಾಲ್‌ಬಾಗ್‌ನಲ್ಲಿ ಓಡುತ್ತೇನೆ. ಬೆಳಗ್ಗೆ ಬ್ಲ್ಯಾಕ್ ಕಾಫಿ, ಮಧ್ಯಾಹ್ನ ಸೌತೆಕಾಯಿ ಸಲಾಡ್, ರಾತ್ರಿ ಮೊಟ್ಟೆಯ ಬಿಳಿಭಾಗ. ಐದು ತಿಂಗಳಿಂದ ಪೀರಿಯಡ್ಸ್ ಇಲ್ಲ. ಪ್ರೆಗ್ನೆನ್ಸಿ ಟೆಸ್ಟ್ ನೆಗೆಟಿವ್. ಸ್ಕ್ಯಾನ್ ನೋಡಿ ಒಬ್ಬರು ಪಿಸಿಒಡಿ ಅಂದರು, ಇನ್ನೂ ತೂಕ ಇಳಿಸಿ ಅಂದರು. ನಮಗೆ ಮಗು ಬೇಕು.

ಡಾಕ್ಟರ್: ಇನ್ನು ಒಂದು ಕೆಜಿಯೂ ಇಳಿಸಬೇಡಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 18.7, ನಾರ್ಮಲ್ ಅಂತ ಸಮಾಧಾನ ಪಡಬೇಡಿ.

ತಲೆಯೊಳಗೆ ಹೈಪೋಥಲಮಸ್ ಅಂತ ಬಾದಾಮಿಯಷ್ಟು ಜಾಗ ಇದೆ. ಹಸಿವು, ಮೈ ಬಿಸಿ, ಮುಟ್ಟು, ಮೂರರ ಉಸ್ತುವಾರಿಯೂ ಅದರದ್ದೇ. ಮುಟ್ಟು ಮುಗಿದ ಮೇಲಿನ ದಿನಗಳಲ್ಲಿ ಅಲ್ಲಿಂದ ಜಿಎನ್‌ಆರ್‌ಎಚ್ ಹಾರ್ಮೋನ್ ಸುಮಾರು 60–90 ನಿಮಿಷಕ್ಕೊಮ್ಮೆ ಮಿಡಿಯುತ್ತದೆ. ಆ ಮಿಡಿತ ತಲುಪಿದರೆ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಹಾರ್ಮೋನ್ ಬಿಡುತ್ತದೆ, ಅವುಗಳಿಂದ ಅಂಡಾಶಯ ಕೆಲಸ ಮಾಡುತ್ತದೆ.

ಮನೆಯಲ್ಲಿ ದಿನಸಿ ಎಷ್ಟಿದೆ ಅಂತ ಮಿದುಳಿಗೆ ಹೇಳುವುದು ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನ್. 1994ರಲ್ಲಿ ಪತ್ತೆಯಾಯಿತು. ತಮಾಷೆ ಏನು ಗೊತ್ತಾ, ಜಿಎನ್‌ಆರ್‌ಎಚ್ ನರಕೋಶಕ್ಕೆ ಲೆಪ್ಟಿನ್ ಮಾತು ನೇರವಾಗಿ ಕೇಳಿಸುವುದೇ ಇಲ್ಲ. ಕಿಸ್‌ಪೆಪ್ಟಿನ್ ಅನ್ನುವ ಸಂದೇಶವಾಹಕ ತಯಾರಿಸುವ ಕೋಶಗಳೂ ಇನ್ನು ಕೆಲವೂ ನಡುವೆ ನಿಂತು ಸುದ್ದಿ ಮುಟ್ಟಿಸುತ್ತವೆ. ಊಟ ಕಡಿಮೆ, ಓಟ ಜಾಸ್ತಿ ಆದರೆ ಮಿಡಿತ ನಿಧಾನವಾಗುತ್ತದೆ. ಬಸುರಿಗೆ ಇದು ಕಾಲವಲ್ಲ ಅಂತ ಮಿದುಳೇ ಅಂಗಡಿ ಬಾಗಿಲು ಎಳೆಯುತ್ತದೆ.

ಸ್ಕ್ಯಾನ್‌ನಲ್ಲಿ ಇದೂ ಪಿಸಿಒಡಿ ಥರ ಕಾಣಬಹುದು. ಹಾಗಾಗಿ ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರಡಯಾಲ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ. ಅಂಡಾಶಯ ಸುಮ್ಮನಾದರೆ ಅದು ತಯಾರಿಸುವ ಈಸ್ಟ್ರೋಜನ್ ಹಾರ್ಮೋನ್ ಇಳಿಯುತ್ತದೆ, ಅದಿಲ್ಲದೆ ಮೂಳೆ ಸವೆಯುತ್ತದೆ, ಅದೇ ನನ್ನ ಚಿಂತೆ. ಓಡುವಾಗ ಕಾಲು ನೋವು ಇದೆಯಾ?

ಮಲ್ಲೇಶ್ವರ: ನಾವು ಏಕಾದಶಿ, ಸಂಕಷ್ಟಿ ಎಲ್ಲಾ ಮಾಡಿಯೇ ಮೂರು ಹೆತ್ತಿದ್ದೇವೆ. ಎಲ್ಲಾ ಈಗಿನವರ ಟೆನ್ಷನ್.

ರಾಜಾಜಿನಗರ: ಆಂಟಿ, ನಿಮ್ಮ ಉಪವಾಸದಲ್ಲಿ ಸಬ್ಬಕ್ಕಿ ಖಿಚಡಿ, ಅವಲಕ್ಕಿ, ಬಾಳೆಹಣ್ಣು ಎಲ್ಲಾ ಇತ್ತಲ್ವಾ!

ಮಲ್ಲೇಶ್ವರ: ನನ್ನ ತಟ್ಟೆ ನೋಡಿದ್ದೀಯಾ ನೀನು?

ಹೆಬ್ಬಾಳ: ಪಿಸಿಒಡಿ ವಾಸಿ ಆಗುತ್ತಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಕೆಂಗೇರಿ: ಗಂಡನಿಗೆ 96 ಕೆಜಿ. ಜಿಮ್‌ನವರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಮಗುವಿಗೆ ಒಳ್ಳೆಯದು ಅಂತ.

ಡಾಕ್ಟರ್: ಉಲ್ಟಾ. ಹೊರಗಿನಿಂದ ಬಂದರೆ ಮಿದುಳು ಎಲ್‌ಎಚ್, ಎಫ್‌ಎಸ್‌ಎಚ್ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಮತ್ತೆ ಬರಲು ತಿಂಗಳುಗಟ್ಟಲೆ ಬೇಕು. ಈ ವಾರವೇ ವೀರ್ಯ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ.

ಯಲಹಂಕ: ವಿಟಮಿನ್ ಡಿ ಎಷ್ಟಿರಬೇಕು?

ಮಲ್ಲೇಶ್ವರ: ಫಾರ್ವರ್ಡ್: ಮೆಂತ್ಯ-ಕೊತ್ತಂಬರಿ ಕಷಾಯ 21 ದಿನ. ಥೈರಾಯ್ಡ್ ಮಾತ್ರೆ ಬಿಟ್ಟು ಗರ್ಭ ಧರಿಸಿ!

ಡಾಕ್ಟರ್: ದಯವಿಟ್ಟು ಅಳಿಸಿ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿರುತ್ತದೆ. ಮೆಂತ್ಯ ಸಾರಿಗೆ ಹಾಕಿ. ಮಾತ್ರೆ ಬಿಡಿಸಬೇಡಿ.

ಮಲ್ಲೇಶ್ವರ: ಒಳ್ಳೆಯದಕ್ಕೆ ಹಾಕಿದ್ದು. ನಿಮಗೆ ನಮ್ಮ ಮನೆಮದ್ದು ಕಂಡರೆ ಆಗಲ್ಲ.

ರಾಜಾಜಿನಗರ: ಅಡ್ಮಿನ್, ಈ ಆಂಟಿಯನ್ನು ಒಂದು ಗಂಟೆ ಮ್ಯೂಟ್ ಮಾಡ್ರೀ.

ಜೆಪಿ ನಗರ: ಹಿರಿಯರ ಹತ್ತಿರ ಹೀಗಾ ಮಾತಾಡೋದು? ರಾಗಿ ಮುದ್ದೆ ಬಿಟ್ಟು ಓಟ್ಸ್ ಹಿಡಿದಿದ್ದೇ ಎಲ್ಲದಕ್ಕೂ ಕಾರಣ.

ರಾಜಾಜಿನಗರ: ಬಂತು ನೋಡಿ ರಾಗಿ ಪಾರ್ಟಿ.

ಹೆಬ್ಬಾಳ: ಮೇಲೆ ಓದಿದೆ, ಸಿಗಲಿಲ್ಲ.

ಅಡ್ಮಿನ್: 7 ಆಯಿತು.

ಡಾಕ್ಟರ್: ಬನಶಂಕರಿಯವರು ಉತ್ತರ ಕೊಡುವ ತನಕ ಇರುತ್ತೇನೆ.

ಬನಶಂಕರಿ: ಸಾರಿ ಮೇಡಂ, ಅಡುಗೆಮನೆಯಲ್ಲಿದ್ದೆ. ಬಲಗಾಲ ಮುಂಗಾಲು ಮೂಳೆ, ಬೆರಳಲ್ಲಿ ಒತ್ತಿದರೆ ಒಂದೇ ಜಾಗದಲ್ಲಿ ಚುರ್ ಅನ್ನುತ್ತದೆ. ಮೂರು ವಾರ ಆಯಿತು. ಸ್ಪ್ರೇ ಹೊಡೆದು ಓಡುತ್ತಿದ್ದೇನೆ. 10ಕೆ (ಹತ್ತು ಕಿಮೀ) ಓಟದ ಸ್ಪರ್ಧೆಗೆ ದುಡ್ಡು ಕಟ್ಟಿಬಿಟ್ಟಿದ್ದೇನೆ.

ಡಾಕ್ಟರ್: ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ನಾಳೆಯಿಂದ ಓಟ ಬಂದ್. ಮೂಳೆ ಡಾಕ್ಟರಿಗೆ ತೋರಿಸಿ, ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ. ಇವತ್ತು ರಾತ್ರಿ ಅನ್ನ, ಸಾರು, ಮೇಲೊಂದು ಚಮಚ ತುಪ್ಪ. ಮೊಟ್ಟೆಯ ಹಳದಿ ಎಸೆಯಬೇಡಿ. 10ಕೆ ಟೀಶರ್ಟ್ ಮಾತ್ರ ಇಸ್ಕೊಂಡು ಬನ್ನಿ.