ಕ್ಯೂಬಾದವರು, ಇಥಿಯೋಪಿಯಾದವರು ಮತ್ತು ನಮ್ಮ ಮನೆ ಗುಂಪು

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಜಗಳ ಆಗುವುದು ಸಾಮಾನ್ಯವಾಗಿ ಮದುವೆ ಛತ್ರದ ವಿಚಾರಕ್ಕೆ. ಹೋದ ಭಾನುವಾರ ಮಾತ್ರ ಕ್ಯೂಬಾ, ಇಥಿಯೋಪಿಯಾ ಹಿಡಿದುಕೊಂಡು ಆಯಿತು. ಶುರು ಮಾಡಿದ್ದು ಸುಬ್ಬಣ್ಣ ಮಾವ. ಹಾಸನದಲ್ಲಿದ್ದಾರೆ, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಅವರ ಅಳಿಯ ರವಿ ಭಾವ ಫ್ಲಾರಿಡಾದ ಟ್ಯಾಂಪಾದಲ್ಲಿದ್ದಾರೆ. ಮಾವನ ತಮ್ಮನ ಮಗಳು ಮೇಘನಾ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದಾಳೆ. ಲಲಿತಮ್ಮ ಅಂದರೆ ನಮ್ಮಮ್ಮ. ಮಧ್ಯೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನೆಲ್ಲ ಕಿತ್ತು ಹಾಕಿದ್ದೇನೆ.

ಸುಬ್ಬಣ್ಣ ಮಾವ (ಫಾರ್ವರ್ಡ್): ಎಲ್ಲರೂ ಓದಲೇಬೇಕು!! ಅಮೆರಿಕಕ್ಕೆ ಎರಡು ದೇಶದ ಜನ ಬರಿಗೈಯಲ್ಲಿ ಬಂದರು. ಕ್ಯೂಬಾದವರು ಒಂದೇ ತಲೆಮಾರಿನಲ್ಲಿ ಮಯಾಮಿ ಕಟ್ಟಿದರು. ಬ್ಯಾಂಕ್ ಇಟ್ಟರು, ಮೇಯರ್ ಆದರು, ಕೋಕಾ-ಕೋಲಾ ಕಂಪನಿಗೇ ಮುಖ್ಯಸ್ಥರಾದರು. ಇಥಿಯೋಪಿಯಾದವರು ಇಂದಿಗೂ ವಾಷಿಂಗ್ಟನ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದಾರೆ, ಪಾರ್ಕಿಂಗ್‌ನಲ್ಲಿ ಟಿಕೆಟ್ ಹರಿಯುತ್ತಿದ್ದಾರೆ. ದೇಶ ಒಂದೇ, ಅವಕಾಶ ಒಂದೇ. ವ್ಯತ್ಯಾಸ ಎಲ್ಲಿ? ಸಂಸ್ಕಾರದಲ್ಲಿ! ನಿಮ್ಮ ಮಕ್ಕಳಿಗೂ ಕಳಿಸಿ.

ಸುಬ್ಬಣ್ಣ ಮಾವ: ಯೋಚನೆ ಮಾಡುವಂಥ ವಿಷಯ.

ರವಿ ಭಾವ: ಮಾವ, ಇದು ನಾನು ಕಣ್ಣಾರೆ ನೋಡಿದ್ದು. ನನ್ನ ಹಳೇ ಬಾಸ್ ಕ್ಯೂಬಾದವರು. ಅವರಪ್ಪ ಹವಾನಾದಲ್ಲಿ ವಕೀಲರಾಗಿದ್ದವರು, ಮಯಾಮಿಗೆ ಬಂದು ಹೋಟೆಲ್‌ನಲ್ಲಿ ಪಾತ್ರೆ ತೊಳೆದರಂತೆ. ಆಮೇಲೆ ಸ್ವಂತ ಅಂಗಡಿ, ಸ್ವಂತ ಮನೆ. ಹಠದ ಜನ.

ಮೇಘನಾ: ಭಾವ, ಅವರಪ್ಪ ಬಂದದ್ದು ಯಾವ ವರ್ಷ?

ರವಿ ಭಾವ: 1961 ಅಂತ ಹೇಳಿದ ನೆನಪು. ಯಾಕೆ?

ಮೇಘನಾ: ಅಲ್ಲೇ ಇದೆ ನೋಡಿ ವಿಷಯ. ಕಮ್ಯುನಿಸ್ಟ್ ನಾಯಕ ಫಿಡೆಲ್ ಕ್ಯಾಸ್ಟ್ರೊ ಕ್ಯೂಬಾದಲ್ಲಿ ಅಧಿಕಾರ ಹಿಡಿದದ್ದು 1959ರ ಜನವರಿಯಲ್ಲಿ. ಮೊದಲ ಮೂರ್ನಾಲ್ಕು ವರ್ಷ ಓಡಿ ಬಂದವರು ಯಾರು? ಸಕ್ಕರೆ ಮಿಲ್ಲಿನ ಮಾಲೀಕರು, ಡಾಕ್ಟರು, ವಕೀಲರು, ಅಮೆರಿಕನ್ ಕಂಪನಿಗಳ ಮ್ಯಾನೇಜರುಗಳು. 1953ರ ಜನಗಣತಿಯಲ್ಲಿ ಕ್ಯೂಬಾದಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿದವರು ನೂರಕ್ಕೆ 4 ಜನ. ಆ ಮೊದಲ ಅಲೆಯಲ್ಲಿ ಬಂದವರಲ್ಲಿ ನೂರಕ್ಕೆ ಸುಮಾರು 36. ಅವರನ್ನು ಹಿಡಿದುಕೊಂಡು ‘ಕ್ಯೂಬಾದವರು ಹೀಗೆ’ ಅಂದರೆ ಹೇಗೆ?

ಸುಬ್ಬಣ್ಣ ಮಾವ: ಓದಿದ್ದರೆ ಏನಾಯಿತಮ್ಮ? ಕ್ಯಾಸ್ಟ್ರೊ ಆಸ್ತಿ ಎಲ್ಲ ಕಿತ್ತುಕೊಂಡೇ ಕಳಿಸಿದ್ದು. ಕೋಕಾ-ಕೋಲಾದ ಗೊಯ್ಸುವೆಟಾ 40 ಡಾಲರ್ ಹಿಡಿದುಕೊಂಡು ಬಂದವರು. ನೆಟ್‌ನಲ್ಲಿ ನೋಡಿಯೇ ಹೇಳುತ್ತಿದ್ದೇನೆ.

ಮೇಘನಾ: ದೊಡ್ಡಪ್ಪ, ಮುಂದಿನ ಸಾಲನ್ನೂ ಓದಿ. 40 ಡಾಲರ್ ಜೊತೆಗೆ ಕೋಕಾ-ಕೋಲಾದ 100 ಷೇರು ಇದ್ದವು. ಯೇಲ್ ವಿಶ್ವವಿದ್ಯಾಲಯದ ಕೆಮಿಕಲ್ ಎಂಜಿನಿಯರಿಂಗ್ ಡಿಗ್ರಿ ಇತ್ತು. 1954ರಿಂದಲೇ ಹವಾನಾದ ಕೋಕಾ-ಕೋಲಾದಲ್ಲಿ ಕೆಲಸ, ಇಲ್ಲಿಗೆ ಬಂದ ಮೇಲೂ ಅದೇ ಕಂಪನಿ. 1981ರಲ್ಲಿ ಮುಖ್ಯಸ್ಥರಾದರು. ಬುದ್ಧಿವಂತರು, ಇಲ್ಲ ಅಂತಲ್ಲ. ಬರಿಗೈ ಮಾತ್ರ ಅಲ್ಲ.

(ಇಲ್ಲಿ ಮಾವನ ಹೆಸರಿನ ಕೆಳಗೆ ತುಂಬ ಹೊತ್ತು ‘ಟೈಪಿಂಗ್’ ಅಂತ ಬರುತ್ತಿತ್ತು. ಏನೂ ಬರಲಿಲ್ಲ.)

ಲಲಿತಮ್ಮ: ಅಣ್ಣ, ತಿಂಡಿ ಆಯ್ತಾ?

ಮೇಘನಾ: ಇನ್ನೊಂದು. ‘ಅವಕಾಶ ಒಂದೇ’ ಅನ್ನುವುದು ಶುದ್ಧ ಸುಳ್ಳು. ಕ್ಯೂಬಾದವರಿಗಾಗಿಯೇ 1961ರಲ್ಲಿ ಕೆನಡಿ ಸರ್ಕಾರ ಒಂದು ಯೋಜನೆ ಮಾಡಿತು. ಮಯಾಮಿಯ ಫ್ರೀಡಮ್ ಟವರ್‌ನಲ್ಲಿ ನೋಂದಣಿ, ಡಾಕ್ಟರು, ರೇಷನ್, ಕೈಗೆ ಕಾಸು. ಕ್ಯೂಬಾದ ಡಾಕ್ಟರುಗಳಿಗೆ ಮಯಾಮಿ ವಿಶ್ವವಿದ್ಯಾಲಯದಲ್ಲಿ ಬೇರೆ ಕೋರ್ಸೇ ಮಾಡಿ ಅಮೆರಿಕದ ಪರೀಕ್ಷೆಗೆ ಕೂರಿಸಿದರು. ಕಾಲೇಜು ಮಕ್ಕಳಿಗೆ ಸಾಲ ಕೊಟ್ಟರು. 1965ರಿಂದ 1973ರವರೆಗೆ ಕ್ಯೂಬಾದ ವರದೆರೋದಿಂದ ಮಯಾಮಿಗೆ ವಿಮಾನಗಳು ಓಡಿದವು, ಎರಡೂವರೆ ಲಕ್ಷಕ್ಕೂ ಜಾಸ್ತಿ ಜನ ಬಂದರು. ಟಿಕೆಟ್ ದುಡ್ಡು ಅಮೆರಿಕ ಸರ್ಕಾರದ್ದು. ಹತ್ತು ಹನ್ನೆರಡು ವರ್ಷದಲ್ಲಿ ಈ ಯೋಜನೆಗೆ ಖರ್ಚಾದದ್ದು ಹೆಚ್ಚುಕಡಿಮೆ ನೂರು ಕೋಟಿ ಡಾಲರ್, ಆ ಕಾಲದ್ದು. ಮೇಲಿಂದ 1966ರ ಕ್ಯೂಬನ್ ಕಾಯ್ದೆ. ಕಾಲಿಟ್ಟು ಸ್ವಲ್ಪ ಕಾಲ ಆದರೆ ಗ್ರೀನ್ ಕಾರ್ಡ್. ಆಮೇಲೆ ಅದನ್ನು ಬರೀ ಒಂದು ವರ್ಷಕ್ಕೆ ಇಳಿಸಿದರು. ನನ್ನ ಗ್ರೀನ್ ಕಾರ್ಡ್ ಸರದಿ ಎಲ್ಲಿದೆ ಅಂತ ನಿಮಗೆಲ್ಲ ಗೊತ್ತೇ ಇದೆ.

ರವಿ ಭಾವ: ಗ್ರೀನ್ ಕಾರ್ಡ್ ಮಾತು ಎತ್ತಬೇಡ ತಾಯಿ, ಭಾನುವಾರ ಬೆಳಗ್ಗೆ.

ಸುಬ್ಬಣ್ಣ ಮಾವ: ಸರ್ಕಾರ ಕೊಟ್ಟ ದುಡ್ಡಿನಲ್ಲಿ ಯಾರೂ ಬ್ಯಾಂಕ್ ಇಡುವುದಿಲ್ಲ. ಸಬ್ಸಿಡಿ ತಗೊಂಡು ನುಂಗಿದವರನ್ನು ನನ್ನ ಸರ್ವೀಸಿನಲ್ಲಿ ಎಷ್ಟು ಜನ ನೋಡಿಲ್ಲ? ದುಡ್ಡು ಸಿಕ್ಕವರೆಲ್ಲ ಉದ್ಧಾರ ಆಗುವುದಿಲ್ಲ. ಬಳಸುವ ಬುದ್ಧಿ ಬೇಕು.

ಮಾವನ ಈ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಅವರಿಗೆ ಬ್ಯಾಂಕಿನ ಭಾಷೆಯಲ್ಲೇ ಹೇಳಿದರೆ ಸರಿ ಅಂತ ನಾನು ಬಾಯಿ ಹಾಕಿದೆ.

ನಾನು: ಮಾವ, ಮಯಾಮಿಯ ಸಾಲದ ಕಥೆ ನಿಮಗೆ ಇಷ್ಟ ಆಗುತ್ತದೆ. ಅರವತ್ತರ ದಶಕದಲ್ಲಿ ಹವಾನಾದಿಂದ ಬಂದ ಹಳೇ ಬ್ಯಾಂಕಿನವರು ಮಯಾಮಿಯ ಸಣ್ಣ ಬ್ಯಾಂಕುಗಳಲ್ಲಿ ಕೆಲಸಕ್ಕೆ ಸೇರಿದರು. ಎದುರಿಗೆ ಬಂದು ಕೂತವನ ಹತ್ತಿರ ಅಡ ಇಡಲು ಏನೂ ಇಲ್ಲ, ಜಾಮೀನೂ ಇಲ್ಲ. ‘ಇವನಿಗೆ ಹವಾನಾದಲ್ಲಿ ಅಂಗಡಿ ಇತ್ತು, ಮಾತಿಗೆ ತಪ್ಪುವವನಲ್ಲ, ನಾನು ಬಲ್ಲೆ’ ಅಂತ ಸಾಲ ಮಂಜೂರು. ಅಲೆಹಾಂದ್ರೊ ಪೋರ್ಟೆಸ್ ಅಂತ ಸಮಾಜಶಾಸ್ತ್ರಜ್ಞರು, ಅವರೂ ಕ್ಯೂಬಾದವರೇ, ಇದನ್ನು ವಿವರವಾಗಿ ಬರೆದಿದ್ದಾರೆ. ಮಯಾಮಿಯ ಎಷ್ಟೋ ಕ್ಯೂಬನ್ ಅಂಗಡಿ, ಗಾರ್ಮೆಂಟ್ಸ್, ಕಟ್ಟಡದ ಕಂಟ್ರ್ಯಾಕ್ಟು ಶುರುವಾದದ್ದು ಈ ಸಾಲದಿಂದ.

ಸುಬ್ಬಣ್ಣ ಮಾವ: ಅಂಥ ಸಾಲ ನಾನು ಕೊಟ್ಟಿದ್ದರೆ ಆಡಿಟ್‌ನವರು ನನ್ನ ಪೆನ್ಶನ್ ನಿಲ್ಲಿಸುತ್ತಿದ್ದರು. ವಸೂಲಾಯಿತಾ?

ನಾನು: ಬಹುಪಾಲು ವಾಪಸ್ ಬಂತು. ಕೇಳಬೇಕಾದ ಭಾಗ ಮುಂದಿದೆ. ಎಪ್ಪತ್ತರ ದಶಕ ಬಂದಾಗ ಅದೇ ಬ್ಯಾಂಕಿನವರು ಇಂಥ ಸಾಲ ನಿಲ್ಲಿಸಿದರು. ಯಾಕೆ? ಆಮೇಲೆ ಬಂದವರು ಹಳ್ಳಿಯವರು, ಕಾರ್ಮಿಕರು. ಅವರು ಹವಾನಾದಲ್ಲಿ ಯಾರೆಂದು ಈ ಸಾಹೇಬರುಗಳಿಗೆ ಗೊತ್ತಿರಲಿಲ್ಲ. ಭಾಷೆ ಅದೇ, ಚರ್ಚ್ ಅದೇ, ಸಂಸ್ಕಾರವೂ ಅದೇ ಅಲ್ವಾ?

ಸುಬ್ಬಣ್ಣ ಮಾವ: ಹ್ಞೂಂ. ಬ್ಯಾಂಕಿನವನಾಗಿ ನಾನೂ ಅದನ್ನೇ ಮಾಡುತ್ತಿದ್ದೆ.

ರವಿ ಭಾವ: ಆದರೂ ಒಂದು ಮಾತು. ಕ್ಯೂಬಾದವರು ಕಮ್ಯುನಿಸ್ಟರಿಂದ ತಪ್ಪಿಸಿಕೊಂಡು ಬಂದವರು. ಹಾಗಾಗಿ ಸ್ವಂತ ದುಡಿಮೆಯ ಬೆಲೆ ಗೊತ್ತು. ಇಥಿಯೋಪಿಯಾದವರು ಬಡತನದಿಂದ ಬಂದವರು. ಆ ವ್ಯತ್ಯಾಸ ಇರುತ್ತದೆ.

ನಾನು: ಭಾವ, ಇಥಿಯೋಪಿಯಾದವರೂ ಕಮ್ಯುನಿಸ್ಟರಿಂದಲೇ ತಪ್ಪಿಸಿಕೊಂಡವರು! 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಸೈನ್ಯ ಇಳಿಸಿತು. ಕಮ್ಯುನಿಸ್ಟ್ ಸೈನ್ಯಾಧಿಕಾರಿ ಮೆಂಗಿಸ್ಟು ಬಂದ. 1977, 78ರಲ್ಲಿ ‘ಕೆಂಪು ಭಯ’ ಅಂತ ರಾಜಧಾನಿ ಅಡಿಸ್ ಅಬಾಬಾದ ಕಾಲೇಜು ಹುಡುಗರನ್ನು ಬೀದಿಯಲ್ಲಿ ಕೊಂದರು. ಅದೇ ಹೊತ್ತಿಗೆ ಸೊಮಾಲಿಯಾ ವಿರುದ್ಧದ ಯುದ್ಧದಲ್ಲಿ ಮೆಂಗಿಸ್ಟುವಿನ ಸಹಾಯಕ್ಕೆ ಸಾವಿರಾರು ಸೈನಿಕರನ್ನು ಕಳಿಸಿದವರು ಯಾರು ಗೊತ್ತಾ? ಕ್ಯಾಸ್ಟ್ರೊ.

ರವಿ ಭಾವ: ಇದು ಗೊತ್ತಿರಲಿಲ್ಲ. ನಿಜವಾ?

ನಾನು: ನಿಜ. ಆ ಯುದ್ಧದಲ್ಲಿ ತಬ್ಬಲಿಗಳಾದ ಇಥಿಯೋಪಿಯಾದ ಮಕ್ಕಳನ್ನು ಕ್ಯೂಬಾಕ್ಕೆ ಕರೆದೊಯ್ದು ಓದಿಸಿದರು ಕೂಡ.

ಲಲಿತಮ್ಮ: ಅಯ್ಯೋ ಪಾಪ. ಮೇಘನಾ, ನಾನು ಬಂದಾಗ ಕಾಫಿ ಮಾಡಿಕೊಟ್ಟಳಲ್ಲ, ಆ ಇಥಿಯೋಪಿಯಾದ ಹುಡುಗಿ ಚೆನ್ನಾಗಿದ್ದಾಳಾ? ಎದುರಿಗೇ ಕೂತು ಹಸಿ ಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿದಳು. ಮೂರು ಸಲ ಕುಡಿಯಲೇಬೇಕು ಅಂದಳು. ನಮ್ಮ ಸಕಲೇಶಪುರದವರಿಗೇ ಕಾಫಿ ಕಲಿಸಿದಳು.

ಮೇಘನಾ: ಚೆನ್ನಾಗಿದ್ದಾಳೆ ಅತ್ತೆ. ಅವಳದೇ ಕಥೆ ಹೇಳಬೇಕು ಅಂತಿದ್ದೆ. ಅವಳ ಅಪ್ಪ ಅಡಿಸ್‌ನಲ್ಲಿ ಅಕೌಂಟೆಂಟ್. ನಡೆದುಕೊಂಡು ಸುಡಾನ್ ಗಡಿ ದಾಟಿದರು, ವರ್ಷಗಟ್ಟಲೆ ಕ್ಯಾಂಪ್. ಅಮೆರಿಕದಲ್ಲಿ 1980ರ ನಿರಾಶ್ರಿತರ ಕಾಯ್ದೆ ಆದ ಮೇಲಷ್ಟೇ ಆಫ್ರಿಕಾದವರಿಗೆ ಬಾಗಿಲು ಸ್ವಲ್ಪ ತೆರೆದದ್ದು. ಇಲ್ಲಿಗೆ ಬಂದ ಮೇಲೆ ಆ ಅಕೌಂಟೆಂಟ್ ಸರ್ಟಿಫಿಕೇಟ್ ಯಾರಿಗೂ ಬೇಕಿಲ್ಲ. ಮೊದಲು ಪಾರ್ಕಿಂಗ್ ಗ್ಯಾರೇಜು, ಆಮೇಲೆ ಟ್ಯಾಕ್ಸಿ. ನಿರಾಶ್ರಿತರಿಗೆ ಕೊಡುವ ನಗದು ಸಹಾಯವನ್ನು ಎಂಬತ್ತರ ದಶಕದಲ್ಲಿ ಕಡಿಮೆ ಮಾಡುತ್ತಾ ಬಂದು 1991ಕ್ಕೆ 8 ತಿಂಗಳಿಗೆ ತಂದು ನಿಲ್ಲಿಸಿದ್ದರು. 1995ರಿಂದ ವೀಸಾ ಲಾಟರಿಯಲ್ಲಿ, ಅಂದರೆ ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿ ಕೊಡುವ ಗ್ರೀನ್ ಕಾರ್ಡಿನಲ್ಲಿ, ಬಂದವರಿಗಂತೂ ಅದೂ ಇರಲಿಲ್ಲ. ಲಾಟರಿ ಹೊಡೆದರೂ ಟಿಕೆಟ್ ದುಡ್ಡು ಸಾಲ ಮಾಡಿಯೇ ಬರಬೇಕಿತ್ತು.

ಸುಬ್ಬಣ್ಣ ಮಾವ: ಟ್ಯಾಕ್ಸಿಯೇ ಯಾಕೆ? ಎಲ್ಲರೂ ಒಂದೇ ಕೆಲಸಕ್ಕೆ ಬಿದ್ದರೆ ಉದ್ಧಾರ ಆಗುವುದು ಹೇಗೆ?

ಮೇಘನಾ: ದೊಡ್ಡಪ್ಪ, ನ್ಯೂಯಾರ್ಕ್‌ನಲ್ಲಿ ಟ್ಯಾಕ್ಸಿ ಪರ್ಮಿಟ್ ಸಂಖ್ಯೆಗೆ ಮಿತಿ ಇತ್ತು, ಒಂದು ಪರ್ಮಿಟ್ಟಿಗೆ ಲಕ್ಷಗಟ್ಟಲೆ ಡಾಲರ್. ವಾಷಿಂಗ್ಟನ್‌ನಲ್ಲಿ ಬಹಳ ಕಾಲ ಆ ಮಿತಿ ಇರಲಿಲ್ಲ. ಪರೀಕ್ಷೆ ಪಾಸಾಗಿ, ಸೆಕೆಂಡ್ ಹ್ಯಾಂಡ್ ಕಾರು ತಗೊಂಡರೆ ಆಯಿತು, ನೀವೇ ಮಾಲೀಕರು. ಬ್ಯಾಂಕು ಒಳಗೆ ಬಿಟ್ಟುಕೊಳ್ಳದವರಿಗೆ ಅದೇ ಸ್ವಂತ ವ್ಯಾಪಾರ. ಹೊಸಬರಿಗೆ ಊಟ, ಬಾಡಿಗೆ ಮನೆ, ಪರೀಕ್ಷೆಯ ಪ್ರಶ್ನೆ, ಎಲ್ಲ ಹೇಳಿಕೊಡುವವರು ಅಲ್ಲಿ ಇರುತ್ತಿದ್ದರು. ಆಮೇಲೆ ಊಬರ್ ಬಂದು ಹೊಡೆತ ಬಿತ್ತು, ಅದು ಬೇರೆ ಮಾತು.

ಮೇಘನಾ: ಬಂಡವಾಳ ಎಲ್ಲಿಂದ ಅಂತೀರಾ? ‘ಇಕೂಬ್’ ಅಂತ ಮಾಡುತ್ತಾರೆ. ಹತ್ತಿಪ್ಪತ್ತು ಜನ ತಿಂಗಳಿಗೆ ಇಷ್ಟು ಅಂತ ಹಾಕುತ್ತಾರೆ, ಸರದಿ ಮೇಲೆ ಒಬ್ಬೊಬ್ಬರು ಪೂರ್ತಿ ಎತ್ತಿಕೊಳ್ಳುತ್ತಾರೆ. ನಮ್ಮ ಚೀಟಿಯೇ, ಹರಾಜು ಇಲ್ಲ ಅಷ್ಟೇ. ಅದರಿಂದಲೇ ಕಾರು, ಹೋಟೆಲು.

ಸುಬ್ಬಣ್ಣ ಮಾವ: ಚೀಟಿ ಮಾತ್ರ ಎತ್ತಬೇಡ. ಹಾಸನದಲ್ಲಿ ಚೀಟಿ ಹಾಕಿ ಕೆಟ್ಟವರ ಪಟ್ಟಿ ನನ್ನ ಹತ್ತಿರ ಇದೆ.

ಲಲಿತಮ್ಮ: ನಿನ್ನ ಮದುವೆಗೆ ಅಮ್ಮ ಎತ್ತಿದ್ದು ಚೀಟಿ ದುಡ್ಡೇ ಅಣ್ಣ.

(ಇದಕ್ಕೆ ಏಳು ಜನ ನಗುವ ಮುಖ ಒತ್ತಿದರು. ಅಷ್ಟು ಜನ ಓದುತ್ತಿದ್ದರು ಅಂತ ಗೊತ್ತಾದದ್ದೇ ಆಗ.)

ಸುಬ್ಬಣ್ಣ ಮಾವ: ಸರಿ. ಈಗ ನನ್ನ ಪ್ರಶ್ನೆಗೆ ಉತ್ತರ ಕೊಡಿ. ಇಸ್ರೇಲ್ ಕೂಡ ಇಥಿಯೋಪಿಯಾದ ಯಹೂದಿಗಳನ್ನು ಕರೆಸಿಕೊಂಡಿತು. 1991ರ ಮೇ ತಿಂಗಳಲ್ಲಿ ಒಂದೂವರೆ ದಿನದಲ್ಲಿ 14 ಸಾವಿರ ಜನ, ಪೇಪರಿನಲ್ಲಿ ಬಂದದ್ದು ನನಗೆ ನೆನಪಿದೆ. ಅವರಿಗೆ ಪೌರತ್ವ, ಮನೆ, ಭಾಷೆ ಕ್ಲಾಸು, ಎಲ್ಲ ಸರ್ಕಾರವೇ ಕೊಟ್ಟಿತು. ಆದರೂ ಅಲ್ಲಿ ಹಿಂದೆಯೇ ಇದ್ದಾರೆ. ಬಾಗಿಲು ತೆರೆದರೆ ಎಲ್ಲ ಸರಿ ಹೋಗುತ್ತದೆ ಅನ್ನುವುದು ಎಲ್ಲಿ ಹೋಯಿತು?

ಇದು ಒಳ್ಳೆಯ ಏಟು. ಮೇಘನಾ ಉತ್ತರ ಬರೆಯಲು ಸಮಯ ತೆಗೆದುಕೊಂಡಳು.

ಮೇಘನಾ: ಸರಿಯಾದ ಪ್ರಶ್ನೆ ದೊಡ್ಡಪ್ಪ. ಸರ್ಕಾರದ ದುಡ್ಡು ಒಂದೇ ಸಾಕು ಅಂತ ನಾನೂ ಹೇಳುವುದಿಲ್ಲ. ಇಸ್ರೇಲ್‌ಗೆ ಹೋದವರು ಬಹುಪಾಲು ಗೊಂಡರ್ ಕಡೆಯ ಹಳ್ಳಿಗಳ ರೈತರು, ಕಮ್ಮಾರರು, ಕುಂಬಾರರು. ದೊಡ್ಡವರಲ್ಲಿ ಹೆಚ್ಚಿನವರಿಗೆ ಅಕ್ಷರ ಗೊತ್ತಿರಲಿಲ್ಲ. ಊರಿಗೆ ಊರೇ ಎದ್ದು ಹೋಯಿತು, ಮುದುಕರು ಮಕ್ಕಳು ಎಲ್ಲ. ಅಮೆರಿಕಕ್ಕೆ ಬಂದವರು ಹೆಚ್ಚಾಗಿ ಪಟ್ಟಣದವರು, ಲಾಟರಿ ವೀಸಾಗೆ ಅರ್ಜಿ ಹಾಕಲು ಹೈಸ್ಕೂಲ್ ಆಗಿರಬೇಕಿತ್ತು, ಇಲ್ಲವೇ ತರಬೇತಿ ಬೇಕಾದ ಕೆಲಸದಲ್ಲಿ ಎರಡು ವರ್ಷದ ಅನುಭವ ಇರಬೇಕಿತ್ತು. ದೇಶ ಒಂದೇ, ಬಂದವರು ಬೇರೆ. ಇನ್ನು ಕೊಟ್ಟ ಮನೆಗಳು ಬಹಳಷ್ಟು ಕೆಲಸ ಸಿಗದ ಊರುಗಳಲ್ಲಿ. 1996ರಲ್ಲಿ ಇನ್ನೊಂದು ಬಯಲಾಯಿತು. ಅವರು ದಾನ ಮಾಡಿದ ರಕ್ತವನ್ನು ಅಲ್ಲಿನ ರಕ್ತನಿಧಿ ಗುಟ್ಟಾಗಿ ಚೆಲ್ಲುತ್ತಿತ್ತು. ಸಾವಿರಾರು ಜನ ಬೀದಿಗಿಳಿದರು. ಮನೆ ಕೊಡುವುದು ಬೇರೆ, ಪಕ್ಕದಲ್ಲಿ ಕೂರಿಸಿಕೊಳ್ಳುವುದು ಬೇರೆ.

ಮೇಘನಾ: ಬಣ್ಣದ ಮಾತನ್ನೂ ಬಿಡುವ ಹಾಗಿಲ್ಲ. ಅರವತ್ತರಲ್ಲಿ ಬಂದ ಕ್ಯೂಬಾದವರು ಹೆಚ್ಚೂಕಡಿಮೆ ಎಲ್ಲ ಬಿಳಿಯರು. ಇಥಿಯೋಪಿಯಾದ ಮುಲುಗೇಟಾ ಸೆರಾವ್ ಅಂತ ಒಬ್ಬ ಓದುವ ಹುಡುಗನನ್ನು 1988ರಲ್ಲಿ ಪೋರ್ಟ್‌ಲ್ಯಾಂಡಿನ ಬೀದಿಯಲ್ಲಿ ಬಿಳಿ ಜನಾಂಗವಾದಿ ಹುಡುಗರು ಬಡಿದು ಕೊಂದರು. ಇಂಥದನ್ನು ಆದಾಯದ ಪಟ್ಟಿಯಲ್ಲಿ ಯಾವ ಕಾಲಮ್ಮಿಗೆ ಹಾಕುತ್ತೀರಿ?

ಸುಬ್ಬಣ್ಣ ಮಾವ: ನಾನು ಬಣ್ಣದ ಬಗ್ಗೆ ಏನೂ ಹೇಳಿಲ್ಲ.

ಮೇಘನಾ: ನೀವು ಹೇಳಿಲ್ಲ ದೊಡ್ಡಪ್ಪ. ಫಾರ್ವರ್ಡ್ ಹೇಳುತ್ತಿದೆ.

ರವಿ ಭಾವ: ಕ್ಯೂಬಾದವರ ಒಳಗೂ ಜಗಳ ಇದೆ, ಅದನ್ನು ಹೇಳಬೇಕು. 1980ರಲ್ಲಿ ಮರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು 1,25,000 ಜನ ಬಂದರಲ್ಲ, ಅವರ ಬಗ್ಗೆ ನನ್ನ ಬಾಸ್ ಮನೆಯಲ್ಲಿ ಒಳ್ಳೆ ಮಾತು ಬರುತ್ತಿರಲಿಲ್ಲ. ಕ್ಯಾಸ್ಟ್ರೊ ಜೈಲಿನವರನ್ನೂ ತುಂಬಿ ಕಳಿಸಿದ ಅಂತ.

ನಾನು: ಜೈಲಿನವರು ಇದ್ದರು, ಆದರೆ ಸಣ್ಣ ಪಾಲು. ಉಳಿದವರು ಕೂಲಿ, ಮೆಕ್ಯಾನಿಕ್, ಅಡುಗೆ ಕೆಲಸದವರು. ಕರಿಯರೂ ಮೊದಲಿಗಿಂತ ಜಾಸ್ತಿ ಇದ್ದರು. ಕೆಲವೇ ತಿಂಗಳಲ್ಲಿ ಮಯಾಮಿಯ ದುಡಿಯುವವರ ಸಂಖ್ಯೆ ನೂರಕ್ಕೆ 7ರಷ್ಟು ಏರಿತು. ಆದರೂ ಸ್ಥಳೀಯರ ಕೂಲಿ ಬೀಳಲಿಲ್ಲ ಅಂತ ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಬರೆದರು. 2021ರಲ್ಲಿ ನೊಬೆಲ್ ಬಂದದ್ದು ಅವರಿಗೇ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೊರ್ಹಾಸ್ ಅದನ್ನು ಒಪ್ಪಲಿಲ್ಲ, ಹೈಸ್ಕೂಲ್ ಮುಗಿಸದವರ ಕೂಲಿ ಬಿದ್ದಿತ್ತು ಅಂದರು. ಬೊರ್ಹಾಸ್ ಯಾರು ಅಂತೀರಾ? 1962ರಲ್ಲಿ ಕ್ಯೂಬಾದಿಂದ ಬಂದ ಹುಡುಗ.

ಸುಬ್ಬಣ್ಣ ಮಾವ: ನೋಡಿದೆಯಾ! ಹಾರ್ವರ್ಡ್ ಪ್ರೊಫೆಸರ್ ಆದ ಅಲ್ವಾ? ನಾನು ಹೇಳಿದ್ದೂ ಅದನ್ನೇ.

(ಮಾವ ಅಷ್ಟು ಸುಲಭಕ್ಕೆ ಬಿಡುವವರಲ್ಲ.)

ನಾನು: ಹಾಗಾದರೆ ಗೆಬಿಸಾ ಎಜೆಟಾ ಅವರನ್ನೂ ಲೆಕ್ಕಕ್ಕೆ ತಗೊಳ್ಳಿ. ಇಥಿಯೋಪಿಯಾದ ಹಳ್ಳಿಯ ಗುಡಿಸಲಿನಲ್ಲಿ ಹುಟ್ಟಿ ಅಮೆರಿಕದ ಪರ್ಡ್ಯೂನಲ್ಲಿ ಪ್ರೊಫೆಸರ್ ಆದವರು. ಜೋಳದ ಬೇರು ಹೀರುವ ಕಳೆ ತಡೆಯುವ ತಳಿ ಕಂಡುಹಿಡಿದು 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಪಡೆದರು. ಒಬ್ಬೊಬ್ಬರ ಹೆಸರು ಹಿಡಿದು ಆಡುವುದಾದರೆ ಎರಡು ಕಡೆಯೂ ಸಿಗುತ್ತಾರೆ ಮಾವ.

ಸುಬ್ಬಣ್ಣ ಮಾವ: ಇರಲಿ. ಸರಾಸರಿ ಮೇಲೆ ನೋಡಿದರೆ ಕ್ಯೂಬಾದವರೇ ಮುಂದೆ. ಅದನ್ನು ಇಲ್ಲ ಅನ್ನಲಾರಿರಿ.

ಮೇಘನಾ: ಅದು ಯಾವ ಸರಾಸರಿ ಅನ್ನುವುದರ ಮೇಲೆ ಹೋಗುತ್ತದೆ. ಅರವತ್ತು ವರ್ಷದಿಂದ ಇರುವವರನ್ನೂ ಮೂವತ್ತು ವರ್ಷದಿಂದ ಇರುವವರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಹಾಗೇ ಕಾಣುವುದು. ಈಚೆಗೆ ಬಂದ ಕ್ಯೂಬಾದವರನ್ನು ಮಾತ್ರ ಬೇರೆ ತೆಗೆದು ನೋಡಿ. ಭಾವ, ನಿಮ್ಮ ಕಡೆ ಹೇಗಿದ್ದಾರೆ ಅವರು?

ರವಿ ಭಾವ: ಅದೇ ಹೇಳೋಣ ಅಂತಿದ್ದೆ. 2022ರಿಂದ ಈಚೆಗೆ ಬಂದಷ್ಟು ಜನ ಮರಿಯೆಲ್ ಕಾಲದಲ್ಲೂ ಬಂದಿಲ್ಲ. ಅವರಲ್ಲಿ ತುಂಬ ಜನರಿಗೆ ಗಡಿಯಲ್ಲಿ ಐ-220ಎ ಅಂತ ಒಂದು ಕಾಗದ, ಕರೆದಾಗ ಹಾಜರಾಗಬೇಕು ಅನ್ನುವ ಷರತ್ತಿನ ಬಿಡುಗಡೆ ಪತ್ರ, ಕೊಟ್ಟು ಬಿಟ್ಟರು. 2023ರಲ್ಲಿ ವಲಸೆ ಮೇಲ್ಮನವಿ ಮಂಡಳಿ ಏನು ಹೇಳಿತು ಅಂದರೆ, ಈ ಕಾಗದ ಇದ್ದವರಿಗೆ 1966ರ ಕಾಯ್ದೆ ಸಿಗುವುದಿಲ್ಲ. ನಮ್ಮ ಮನೆ ಛಾವಣಿ ರಿಪೇರಿಗೆ ಬಂದ ಹುಡುಗ ಅಂಥವನೇ. ಕ್ಯೂಬಾದಲ್ಲಿ ಫಿಸಿಯೋಥೆರಪಿಸ್ಟ್ ಅಂತೆ. ಇಲ್ಲಿ ಬಿಸಿಲಿನಲ್ಲಿ ಹೆಂಚು ಹೊರುತ್ತಾನೆ, ರಾತ್ರಿ ಊಬರ್ ಓಡಿಸುತ್ತಾನೆ. ಕೋರ್ಟ್ ತಾರೀಕು ಬಂದಾಗಲೆಲ್ಲ ಹೆದರುತ್ತಾನೆ. ಬಾಸ್ ಅಪ್ಪನಿಗೆ ಸಿಕ್ಕಿದ್ದು ಇವನಿಗೆ ಸಿಗಲಿಲ್ಲ.

ಸುಬ್ಬಣ್ಣ ಮಾವ: ಲಾಯರ್ ಇಟ್ಟಿದ್ದಾನಾ?

ರವಿ ಭಾವ: ಇಟ್ಟಿದ್ದಾನೆ ಮಾವ. ಛಾವಣಿ ಕೆಲಸದ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ.

ಸುಬ್ಬಣ್ಣ ಮಾವ: ಒಳ್ಳೆ ಲಾಯರಾ ಅಂತ ವಿಚಾರಿಸಿ. ಈ ಕೆಲಸದಲ್ಲಿ ದುಡ್ಡು ತಿನ್ನುವವರೇ ಜಾಸ್ತಿ. ಫಾರ್ವರ್ಡ್ ಮಾತ್ರ ನಾನು ಡಿಲೀಟ್ ಮಾಡುವುದಿಲ್ಲ, ಚರ್ಚೆ ಆಯಿತಲ್ಲ.